ಚೆಂಡು ಯಾರ ಕೈಯಲ್ಲಿ: ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ಮಾನ್ಯರೇ,

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ್ತಿ ಹೇಲಿ ವ್ಯಾನ್ ಲಿತ್ ಕುರಿತು ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಲೇಖನವನ್ನು ಓದಿ ತಾವು ಬರೆದ ನಾಲ್ಕು ಪುಟಗಳ ಪತ್ರ ತಲುಪಿದೆ. ಅಷ್ಟನ್ನೂ ಅಚ್ಚು ಹಾಕಲು ಸ್ಥಳವಿಲ್ಲದ್ದರಿಂದ ಉಳಿದ ಓದುಗರಿಗಾಗಿ ಅದರ ತಿರುಳನ್ನಷ್ಟೇ ಇಲ್ಲಿ ಕೊಡುತ್ತೇನೆ. ಲೂಯಿವಿಲ್ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ 2022–23ರಲ್ಲಿ ಪಂದ್ಯಕ್ಕೆ ಸರಾಸರಿ 19.7 ಅಂಕ ಗಳಿಸುತ್ತಿದ್ದ ಆಟಗಾರ್ತಿ ಲೂಸಿಯಾನ ಸ್ಟೇಟ್‌ಗೆ, ಅಂದರೆ ಎಲ್‌ಎಸ್‌ಯುಗೆ, ವರ್ಗವಾದ ಮರುವರ್ಷವೇ 11.6ಕ್ಕೆ ಇಳಿದಿರುವಾಗ ಅದನ್ನು ‘ಕಲಿಕೆಯ ವರ್ಷ’ ಎಂದು ಕರೆದದ್ದು ಸೋಲಿಗೆ ಶಾಲು ಹೊದಿಸಿದಂತಾಯಿತು ಎಂಬುದು ತಮ್ಮ ಮುಖ್ಯ ಆಕ್ಷೇಪ. ನಿಜವಾಗಿ ಆಟ ಬಲ್ಲವರು ಎಲ್ಲಿ ನಿಲ್ಲಿಸಿದರೂ ಆಡುತ್ತಾರೆ ಎನ್ನುವ ತಾವು, ಅದಕ್ಕೆ ನಮ್ಮವರೇ ಆದ ಕೆ. ಎಲ್. ರಾಹುಲ್ ಅವರ ಉದಾಹರಣೆ ಕೊಟ್ಟಿದ್ದೀರಿ. ತಂಡದಿಂದ ತಂಡಕ್ಕೆ ಹಾರುವವರಲ್ಲಿ ನಿಷ್ಠೆ ಇರುವುದಿಲ್ಲ ಎಂದೂ ಒಂದು ಮಾತು ಸೇರಿಸಿದ್ದೀರಿ. ಕೊನೆಗೆ, ಟೆಕ್ಸಸ್‌ನಲ್ಲಿ ಕಾಲೇಜು ತಂಡದಲ್ಲಿ ಗಾರ್ಡ್ (ಬುಟ್ಟಿಯಿಂದ ದೂರದಲ್ಲಿದ್ದು ಚೆಂಡನ್ನು ನಿಭಾಯಿಸುವ ಆಟಗಾರ್ತಿ) ಆಗಿರುವ ತಮ್ಮ ಅಣ್ಣನ ಮಗಳು ಈಗ ತಂಡ ಬದಲಿಸುವ ಯೋಚನೆಯಲ್ಲಿದ್ದಾಳೆಂದೂ, ಆಕೆಗೆ ಏನು ಹೇಳಬೇಕೆಂದೂ ಕೇಳಿದ್ದೀರಿ.

ತಾವು ಕೊಟ್ಟ ಎರಡು ಅಂಕಿಗಳೂ ಸರಿ. ನಮ್ಮ ಲೇಖಕರು ಮೃದುವಾಗಿ ದಾಟಿಸಿಬಿಟ್ಟ ಇನ್ನೊಂದು ಸಂಗತಿಯನ್ನೂ ನಾನೇ ಸೇರಿಸುತ್ತೇನೆ: ಆ ವರ್ಷ ಅವರ ಹೊಡೆತಗಳ ಸಂಖ್ಯೆ ಮಾತ್ರವಲ್ಲ, ಬುಟ್ಟಿಗೆ ಬೀಳುವ ಹೊಡೆತಗಳ ಪ್ರಮಾಣವೂ ಕುಸಿದಿತ್ತು. ಆದ್ದರಿಂದ ‘ಅವಕಾಶ ಸಿಗಲಿಲ್ಲ, ಅಷ್ಟೇ’ ಎಂದು ಹೇಳಿ ನಾನು ಜಾರಿಕೊಳ್ಳುವಂತಿಲ್ಲ. ಆದರೆ ಈ ಕುಸಿತದಿಂದ ತಾವು ತೆಗೆದ ತೀರ್ಮಾನವನ್ನು ಒಪ್ಪಲು ನನಗೆ ಸಾಧ್ಯವಾಗುತ್ತಿಲ್ಲ.

ಮೊದಲು ರಾಹುಲ್ ಅವರ ಹೋಲಿಕೆಯನ್ನೇ ನೋಡೋಣ. ಆರಂಭಿಕರಾಗಿ ಆಡಿದ್ದ ಅವರು 2023ರ ವಿಶ್ವಕಪ್‌ನಲ್ಲಿ ಐದನೇ ಕ್ರಮಾಂಕಕ್ಕೆ ಇಳಿದು, ಜೊತೆಗೆ ವಿಕೆಟ್ ಕೀಪಿಂಗನ್ನೂ ಹೊತ್ತು ಯಶಸ್ವಿಯಾದದ್ದು ನಿಜ. ಆದರೆ ಕ್ರಿಕೆಟ್‌ನಲ್ಲಿ ಬ್ಯಾಟರ್ ಯಾವ ಕ್ರಮಾಂಕದಲ್ಲಿ ಬಂದರೂ, ಒಮ್ಮೆ ಸ್ಟ್ರೈಕ್‌ಗೆ ನಿಂತ ಮೇಲೆ ಚೆಂಡು ಅವರ ಕಡೆಗೇ ಬರುತ್ತದೆ. ಅದನ್ನು ಬೌಲರ್ ತಂದುಕೊಡುತ್ತಾನೆ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಚೆಂಡು ತಮ್ಮ ಬಳಿಗೆ ಬರುವುದೇ, ಬಂದರೆ ಎಲ್ಲಿ ಬರುವುದು, ಎಷ್ಟು ಸೆಕೆಂಡು ಉಳಿದಿರುವಾಗ ಬರುವುದು ಎಂಬುದನ್ನೆಲ್ಲ ಪಾತ್ರವೇ ನಿರ್ಧರಿಸುತ್ತದೆ. ಪಾತ್ರ ಬದಲಾದರೆ ಆಟಗಾರ್ತಿ ಅದೇ ಕೆಲಸವನ್ನು ಬೇರೆ ಜಾಗದಲ್ಲಿ ಮಾಡುವುದಿಲ್ಲ, ಬೇರೆಯದೇ ಕೆಲಸ ಮಾಡುತ್ತಾಳೆ.

ಲೂಯಿವಿಲ್‌ನಲ್ಲಿ ವ್ಯಾನ್ ಲಿತ್ ಪ್ರಧಾನವಾಗಿ ಅಂಕ ಗಳಿಸುವ ಗಾರ್ಡ್. ಡ್ರಿಬಲ್ ಮಾಡುತ್ತ ಬಂದು ಬುಟ್ಟಿಗೂ ಮೂರು ಅಂಕದ ಗೆರೆಗೂ ನಡುವೆ ಥಟ್ಟನೆ ನಿಂತು ಮೇಲೆದ್ದು ಹೊಡೆಯುವುದು ಅವರ ಕೈಗೆ ಒಗ್ಗಿದ ಹೊಡೆತ. ಸಹ ಆಟಗಾರ್ತಿಯರು ಸ್ಕ್ರೀನ್ ಹಾಕುತ್ತಿದ್ದುದು, ಅಂದರೆ ಎದುರಾಳಿಯ ದಾರಿಗೆ ಅಡ್ಡ ನಿಲ್ಲುತ್ತಿದ್ದುದು, ಕೋಚ್ ಜೆಫ್ ವಾಲ್ಜ್ ಕೊನೆಯ ಕ್ಷಣಗಳ ಆಟವನ್ನು ಹೆಣೆಯುತ್ತಿದ್ದುದು ಹೆಚ್ಚಾಗಿ ಅವರನ್ನೇ ನೆಚ್ಚಿಕೊಂಡು. ಎಲ್‌ಎಸ್‌ಯು ಆಗಷ್ಟೇ, 2023ರ ಏಪ್ರಿಲ್‌ನಲ್ಲಿ, ಅಯೋವಾ ತಂಡವನ್ನು 102–85ರಿಂದ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆಗಿತ್ತು. ಆ ತಂಡದ ಪಾಯಿಂಟ್ ಗಾರ್ಡ್ ಅಲೆಕ್ಸಿಸ್ ಮಾರಿಸ್ ಕಾಲೇಜು ಆಟ ಮುಗಿಸಿ ಹೊರಟಿದ್ದರು. ಅಂದರೆ ತೆರವಾಗಿದ್ದದ್ದು ಚೆಂಡನ್ನು ತಂದು ಹಂಚುವ ಕುರ್ಚಿ, ಹೊಡೆಯುವ ಕುರ್ಚಿಯಲ್ಲ. ಹೊಡೆಯುವವರಿಗೆ ಅಲ್ಲಿ ಬರವೇ ಇರಲಿಲ್ಲ: ಏಂಜಲ್ ರೀಸ್, ಫ್ಲಾಜೇ ಜಾನ್ಸನ್, ಹೊಸದಾಗಿ ಸೇರಿದ ಮಿಕೇಲಾ ವಿಲಿಯಮ್ಸ್, ಡಿಪಾಲ್ ವಿಶ್ವವಿದ್ಯಾಲಯದಿಂದ ಬಂದ ಅನೀಸಾ ಮಾರೋ. ಆ ಋತುವಿನಲ್ಲಿ ಎಲ್‌ಎಸ್‌ಯುನ ಆರಂಭಿಕ ಐವರೂ ಎರಡಂಕಿಯ ಸರಾಸರಿ ಗಳಿಸಿದರು. ಮಾರೋ ಡಿಪಾಲ್‌ನಲ್ಲಿ 25.7ರ ಸರಾಸರಿ ಇಟ್ಟುಕೊಂಡು ಬಂದವರು, ಇಲ್ಲಿ 16.4ಕ್ಕೆ ಇಳಿದರು. ತಮ್ಮ ಲೆಕ್ಕದ ಪ್ರಕಾರ ಅವರದು ವ್ಯಾನ್ ಲಿತ್ ಅವರಿಗಿಂತ ದೊಡ್ಡ ಸೋಲಾಗಬೇಕು. ಹಾಗೆಂದು ತಾವಾಗಲಿ ಬೇರೆಯವರಾಗಲಿ ಬರೆದುದನ್ನು ನಾನು ನೋಡಿಲ್ಲ.

ಈಗ ಆ ಕುರ್ಚಿಯ ಕೆಲಸವೇನೆಂದು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಮ್ಮ ಲೇಖನ ಎಡವಿದ್ದು ಅಲ್ಲಿ. ಅಮೆರಿಕದ ಕಾಲೇಜು ಆಟದಲ್ಲಿ ಒಂದು ದಾಳಿಗೆ 30 ಸೆಕೆಂಡು. ಅದರಲ್ಲಿ ಮೊದಲ 10 ಸೆಕೆಂಡಿನೊಳಗೆ ಚೆಂಡು ಅಂಗಣದ ನಡುಗೆರೆ ದಾಟಬೇಕು. ಅದನ್ನು ದಾಟಿಸುವ ಹೊಣೆ ಪಾಯಿಂಟ್ ಗಾರ್ಡ್‌ನದು. ದಾಟಿಸಿದ ಮೇಲೆ ಯಾರು ಎಲ್ಲಿ ನಿಂತಿದ್ದಾರೆ, ಎದುರಾಳಿಗಳಲ್ಲಿ ಯಾರು ಅರ್ಧ ಹೆಜ್ಜೆ ತಡವಾಗಿದ್ದಾರೆ, ಒಳಗಿರುವ ಎತ್ತರದ ಆಟಗಾರ್ತಿಗೆ ಯಾವ ಕ್ಷಣದಲ್ಲಿ ಚೆಂಡು ಬೇಕು ಎಂಬುದನ್ನು ಓಡುತ್ತಲೇ ಓದಬೇಕು. ಅಂಕ ಗಳಿಸುವ ಗಾರ್ಡ್ ಚೆಂಡು ಕೈಗೆ ಬಂದೊಡನೆ ‘ಹೊಡೆಯಲೇ?’ ಎಂದು ತನ್ನನ್ನೇ ಕೇಳಿಕೊಳ್ಳುತ್ತಾಳೆ. ಪಾಯಿಂಟ್ ಗಾರ್ಡ್ ಅದೇ ಕ್ಷಣದಲ್ಲಿ ‘ಯಾರಿಗೆ?’ ಎಂದು ಕೇಳಿಕೊಳ್ಳಬೇಕು. ಬಾಲ್ಯದಿಂದ ಮೊದಲ ಪ್ರಶ್ನೆಯನ್ನೇ ಕೇಳಿಕೊಂಡು ಬೆಳೆದ ಕೈಗೆ ಎರಡನೆಯದನ್ನು ಕಲಿಸುವಾಗ ನಡುವೆ ಒಂದು ಹಿಂಜರಿಕೆಯ ಕಾಲ ಬರುತ್ತದೆ. ಆ ಕಾಲದಲ್ಲಿ ಹೊಡೆತವೂ ತಡವಾಗುತ್ತದೆ, ಪಾಸೂ ತಡವಾಗುತ್ತದೆ. ಎಲ್‌ಎಸ್‌ಯುನಲ್ಲಿ ಅವರ ಹೊಡೆತ ಗುರಿ ತಪ್ಪುತ್ತಿದ್ದುದಕ್ಕೆ ನಾನು ಕೊಡುವ ಮುಖ್ಯ ಕಾರಣ ಇದೇ. ಇನ್ನೊಂದು ಕಾರಣ ಅಂಗಣದ ಇಕ್ಕಟ್ಟು. ರೀಸ್ ಮತ್ತು ಮಾರೋ ಇಬ್ಬರೂ ಬುಟ್ಟಿಯ ಬುಡದಲ್ಲಿ ಬಾಳುವವರಾದ್ದರಿಂದ, ಡ್ರಿಬಲ್ ಮಾಡುತ್ತ ಒಳನುಗ್ಗುವ ಗಾರ್ಡ್‌ಗೆ ಎದುರಾಗುತ್ತಿದ್ದುದು ದಾರಿಯಲ್ಲ, ಸಂತೆ.

ಇಷ್ಟಕ್ಕೂ ಸಮಯವೆಷ್ಟಿತ್ತು? ವಸಂತದಲ್ಲಿ ನಿರ್ಧಾರ, ಬೇಸಿಗೆಯಲ್ಲಿ ಕೆಲವು ವಾರ, ಆಮೇಲೆ ಋತುವಿಗೆ ಮುಂಚಿನ ಸುಮಾರು ಆರು ವಾರಗಳಲ್ಲಿ 30 ಅಭ್ಯಾಸಗಳು. 2023ರ ನವೆಂಬರ್ 6ರಂದು ಲಾಸ್ ವೇಗಸ್‌ನಲ್ಲಿ ಮೊದಲ ಪಂದ್ಯ. ದೇಶದ ಅಗ್ರ ಶ್ರೇಯಾಂಕ ಹೊತ್ತು ಕಣಕ್ಕಿಳಿದ ಎಲ್‌ಎಸ್‌ಯು ಅಂದು ಕೊಲೊರಾಡೊಗೆ 92–78ರಿಂದ ಸೋತಿತು. ಹಿಂದೆ ಹೀಗಿರಲಿಲ್ಲ. 2021ರವರೆಗೆ ಬ್ಯಾಸ್ಕೆಟ್‌ಬಾಲ್‌ನಲ್ಲಿ ಪದವಿ ಮುಗಿಸದೆ ತಂಡ ಬದಲಿಸಿದವರು ಸಾಮಾನ್ಯವಾಗಿ ಒಂದು ವರ್ಷ ಪಂದ್ಯವಾಡದೆ ಕೂರಬೇಕಿತ್ತು. ಅದನ್ನು ಎಲ್ಲರೂ ಶಿಕ್ಷೆಯೆಂದೇ ಬಗೆದರು, ಶಿಕ್ಷೆಯೂ ಹೌದು. ಆದರೆ ಪುರುಷರ ಆಟದಲ್ಲಿ ಆಬರ್ನ್ ವಿಶ್ವವಿದ್ಯಾಲಯದಿಂದ ಬೇಲರ್‌ಗೆ ಬಂದ ಡೇವಿಯನ್ ಮಿಚೆಲ್ 2018–19ರ ಇಡೀ ಋತುವನ್ನು ಹಾಗೆ ಬೆಂಚಿನಲ್ಲಿ ಕಳೆದರು. ಪಂದ್ಯವಿಲ್ಲದಿದ್ದರೂ ದಿನವೂ ಅಭ್ಯಾಸದಲ್ಲಿ ಹೊಸ ತಂಡದ ಭಾಷೆ ಕಲಿತರು. ಆಬರ್ನ್‌ನಲ್ಲಿ ಪಂದ್ಯಕ್ಕೆ ನಾಲ್ಕು ಅಂಕವನ್ನೂ ಮುಟ್ಟದಿದ್ದ ಅವರು 2021ರಲ್ಲಿ ದೇಶದ ಅತ್ಯುತ್ತಮ ರಕ್ಷಣಾ ಆಟಗಾರ ಎನಿಸಿಕೊಂಡರು, ಮತ್ತು ಅಲ್ಲಿಯವರೆಗೆ ಸೋಲನ್ನೇ ಕಾಣದಿದ್ದ ಗೊನ್ಜಾಗಾ ತಂಡವನ್ನು ಫೈನಲ್‌ನಲ್ಲಿ 86–70ರಿಂದ ಕೆಡವಿದ ಬೇಲರ್‌ನ ಬೆನ್ನೆಲುಬಾದರು. ಆ ಹಳೆಯ ನಿಯಮ ಮರಳಬೇಕೆಂದು ನಾನು ಹೇಳುತ್ತಿಲ್ಲ. ಅದು ಯಾರೂ ಉದ್ದೇಶಿಸದೆಯೇ ಒಂದು ಕಲಿಕೆಯ ವರ್ಷವನ್ನು ಕೊಡುತ್ತಿತ್ತು. ಈಗ ಅದೇ ಕಲಿಕೆ ಟಿವಿ ಕ್ಯಾಮೆರಾಗಳ ಮುಂದೆ, ಸರಾಸರಿಯ ಖಾತೆಗೆ ಬೀಳುತ್ತ ನಡೆಯುತ್ತದೆ.

ತಮ್ಮ ಪತ್ರದಲ್ಲಿ ಅತ್ಯಂತ ಕಟುವಾದ ಭಾಗ 2024ರ ಏಪ್ರಿಲ್ 1ರ ಅಯೋವಾ ಪಂದ್ಯದ ಬಗ್ಗೆ ಇದೆ. ಅಯೋವಾದ ಆಟಗಾರ್ತಿ ಕೇಟ್ಲಿನ್ ಕ್ಲಾರ್ಕ್ ಅವರನ್ನು ತಡೆಯುವ ಹೊಣೆ ವ್ಯಾನ್ ಲಿತ್ ಅವರದಾಗಿತ್ತು. ಕ್ಲಾರ್ಕ್ ಒಂಬತ್ತು ಮೂರಂಕದ ಹೊಡೆತಗಳೊಂದಿಗೆ 41 ಅಂಕ ಗಳಿಸಿದರು, ಎಲ್‌ಎಸ್‌ಯು 94–87ರಿಂದ ಸೋತಿತು. ಕ್ಲಾರ್ಕ್ ದೂರದಿಂದ ಹೊಡೆದ ಚೆಂಡೊಂದು ಬುಟ್ಟಿಗೆ ಬಿದ್ದಾಗ ವ್ಯಾನ್ ಲಿತ್ ಭುಜ ಕುಣಿಸಿ ಕೈಚೆಲ್ಲಿದ ಚಿತ್ರ ಲೋಕವೆಲ್ಲ ಸುತ್ತಿತು. ಅದನ್ನು ಉದಾಸೀನವೆಂದು ತಾವು ಓದಿದ್ದೀರಿ. ನನಗೆ ಕಂಡದ್ದು, ತನ್ನ ಕೈಲಾದದ್ದನ್ನೆಲ್ಲ ಮಾಡಿದ ಮೇಲೂ ಚೆಂಡು ಒಳಗೆ ಬಿದ್ದಾಗ ಮನುಷ್ಯರು ಮಾಡುವ ಸನ್ನೆ. ಒಂದು ವರ್ಷ ಮುಂಚೆ, ಇದೇ ಹಂತದಲ್ಲಿ, ಇದೇ ಕ್ಲಾರ್ಕ್ ಲೂಯಿವಿಲ್ ವಿರುದ್ಧವೂ ಇಷ್ಟೇ, 41 ಅಂಕ ಗಳಿಸಿದ್ದರು. ತನಗಿಂತ ಎತ್ತರದ, ನಡುಗೆರೆಯ ಹತ್ತಿರದಿಂದಲೇ ಹೊಡೆಯಬಲ್ಲ ಆಟಗಾರ್ತಿಯ ಮೇಲೆ ವ್ಯಾನ್ ಲಿತ್ ಅವರನ್ನು ನಿಲ್ಲಿಸಿದ್ದು ಕೋಚ್ ಕಿಮ್ ಮಲ್ಕಿ ಅವರ ನಿರ್ಧಾರ. ಹಾಗಿದ್ದರೂ ಅಂದಿನ ರಕ್ಷಣೆ ದುರ್ಬಲವಾಗಿತ್ತು ಎಂಬ ತಮ್ಮ ಮಾತನ್ನು ನಾನು ಅಲ್ಲಗಳೆಯುವುದಿಲ್ಲ.

ಆದರೆ ತಮ್ಮ ಪತ್ರ ಅಲ್ಲಿಗೇ ನಿಂತುಬಿಟ್ಟಿದೆ, ಕಥೆ ಅಲ್ಲಿಗೆ ನಿಂತಿಲ್ಲ. ಆ ಬೇಸಿಗೆಯಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನ ಮೂವರ ಬ್ಯಾಸ್ಕೆಟ್‌ಬಾಲ್‌ನಲ್ಲಿ ಅವರು ಅಮೆರಿಕ ತಂಡದಲ್ಲಿದ್ದು ಕಂಚು ಗೆದ್ದರು. ಆ ಆಟದಲ್ಲಿ ಒಂದು ದಾಳಿಗೆ ಸಿಗುವುದು 12 ಸೆಕೆಂಡು ಮಾತ್ರ. ಹಿಂಜರಿಯಲು ಅಲ್ಲಿ ವೇಳೆಯಿಲ್ಲ. ಕೊರೊನಾ ಕಾಲದಲ್ಲಿ ಆಡಿದವರಿಗೆಲ್ಲ ಸಿಕ್ಕ ಹೆಚ್ಚುವರಿ ವರ್ಷವನ್ನು ಬಳಸಿಕೊಂಡು ಬಳಿಕ ಅವರು ಟೆಕ್ಸಸ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯಕ್ಕೆ, ಅಂದರೆ ಟಿಸಿಯುಗೆ, ಹೋದರು. ಅದು ಎಂಥ ತಂಡ ಎನ್ನುತ್ತೀರಿ? 2024ರ ಜನವರಿಯಲ್ಲಿ ಗಾಯಾಳುಗಳ ಪಟ್ಟಿ ಬೆಳೆದು, ಆಡಲು ಜನವಿಲ್ಲದೆ ಎರಡು ಪಂದ್ಯಗಳನ್ನು ಬಿಟ್ಟುಕೊಟ್ಟು, ಕ್ಯಾಂಪಸ್ಸಿನ ವಿದ್ಯಾರ್ಥಿನಿಯರಿಗೆ ಬಹಿರಂಗ ಆಯ್ಕೆ ಪರೀಕ್ಷೆ ನಡೆಸಿದ ತಂಡ. ಅಲ್ಲಿ ಕೋಚ್ ಮಾರ್ಕ್ ಕ್ಯಾಂಬೆಲ್ ವ್ಯಾನ್ ಲಿತ್ ಅವರಿಗೆ ಕೊಟ್ಟ ಕೆಲಸ ಯಾವುದು ಎಂಬುದೇ ತಮ್ಮ ಆಕ್ಷೇಪಕ್ಕೆ ನನ್ನ ನಿಜವಾದ ಉತ್ತರ. ಅವರು ಲೂಯಿವಿಲ್‌ನ ಹಳೆಯ ಪಾತ್ರಕ್ಕೆ ಮರಳಲಿಲ್ಲ. ಎಲ್‌ಎಸ್‌ಯುನಲ್ಲಿ ತಡವರಿಸಿದ ಅದೇ ಪಾಯಿಂಟ್ ಗಾರ್ಡ್ ಕೆಲಸವನ್ನೇ ಮುಂದುವರಿಸಿದರು. ಬದಲಾದದ್ದು ಸುತ್ತಲಿನ ಏರ್ಪಾಡು. ಆರು ಅಡಿ ಏಳು ಅಂಗುಲದ ಸೆಡೋನಾ ಪ್ರಿನ್ಸ್ ಮೇಲೆ ಬಂದು ಸ್ಕ್ರೀನ್ ಹಾಕಿ ಬುಟ್ಟಿಯತ್ತ ಹೊರಳುವುದು, ಮ್ಯಾಡಿಸನ್ ಕಾನರ್ ಗೆರೆಯಾಚೆ ನಿಂತು ಒಬ್ಬ ಎದುರಾಳಿಯನ್ನು ತನ್ನ ಬಳಿಯೇ ಕಟ್ಟಿಹಾಕುವುದು, ನಡುವೆ ತೆರೆದ ಜಾಗದಲ್ಲಿ ವ್ಯಾನ್ ಲಿತ್ ಹೊಡೆಯುವುದೋ ಕೊಡುವುದೋ ಎಂದು ಆರಿಸಿಕೊಳ್ಳುವುದು. ಎರಡು ಪ್ರಶ್ನೆಗಳೂ ಒಂದೇ ಉಸಿರಿನಲ್ಲಿ ಬರತೊಡಗಿದವು. ಅಸಿಸ್ಟ್, ಅಂದರೆ ಸಹ ಆಟಗಾರ್ತಿಯ ಅಂಕಕ್ಕೆ ದಾರಿ ಮಾಡಿದ ಪಾಸುಗಳ, ಸರಾಸರಿ 3.6ರಿಂದ 5.4ಕ್ಕೆ, ಅಂಕ 17.9ಕ್ಕೆ ಏರಿತು, ಟಿಸಿಯು ಆಡುವ ಬಿಗ್ 12 ವಲಯದ ವರ್ಷದ ಆಟಗಾರ್ತಿ ಅವರೇ ಆದರು, ಅದುವರೆಗೆ ರಾಷ್ಟ್ರೀಯ ಟೂರ್ನಿಯ ಕೊನೆಯ ಹದಿನಾರರ ಹಂತವನ್ನೇ ಕಾಣದಿದ್ದ ಟಿಸಿಯು ಕೊನೆಯ ಎಂಟಕ್ಕೆ ತಲುಪಿ, ಟೆಕ್ಸಸ್ ವಿರುದ್ಧ 58–47ರಿಂದ ಸೋತು ಹೊರಬಂತು. ಅಂಕದ ಸರಾಸರಿ ಲೂಯಿವಿಲ್‌ನ 19.7ನ್ನು ಆಗಲೂ ಮುಟ್ಟಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸಿ.

ಅಂಕ ಇಳಿದರೆ ಆಟ ಇಳಿಯಿತೆಂದು ಅರ್ಥವಲ್ಲ ಎನ್ನುವುದಕ್ಕೆ ಪುರುಷರ ಆಟದಿಂದಲೇ ಇನ್ನೊಂದು ಸಾಕ್ಷಿ ಸಾಕು. ಈಸ್ಟ್ ಕ್ಯಾರೊಲಿನಾದಲ್ಲಿ 17.7ರ ಸರಾಸರಿ ಇದ್ದ ಟ್ರಿಸ್ಟನ್ ನ್ಯೂಟನ್ 2022ರಲ್ಲಿ ಕನೆಕ್ಟಿಕಟ್‌ಗೆ ಬಂದು 10.1ಕ್ಕೆ ಇಳಿದರು. ಆ ವರ್ಷವೇ ತಂಡ ಚಾಂಪಿಯನ್ ಆಯಿತು. ಮರುವರ್ಷವೂ ಆಯಿತು, 2024ರ ಏಪ್ರಿಲ್ 8ರಂದು ಪರ್ಡ್ಯೂ ವಿರುದ್ಧದ ಫೈನಲ್‌ನಲ್ಲಿ 20 ಅಂಕ ಗಳಿಸಿ, ಟೂರ್ನಿಯ ಅಂತಿಮ ಹಂತದ ಶ್ರೇಷ್ಠ ಆಟಗಾರನ ಗೌರವ ಪಡೆದದ್ದು ನ್ಯೂಟನ್.

ನಿಷ್ಠೆಯ ವಿಷಯಕ್ಕೆ ಹೆಚ್ಚು ಜಾಗ ಕೊಡಲಾರೆ. ಮಲ್ಕಿ 2021ರಲ್ಲಿ ಬೇಲರ್ ಬಿಟ್ಟು ಎಲ್‌ಎಸ್‌ಯುಗೆ ಬಂದವರು. ಕ್ಯಾಂಬೆಲ್ 2023ರಲ್ಲಿ ಸ್ಯಾಕ್ರಮೆಂಟೊ ಸ್ಟೇಟ್ ಬಿಟ್ಟು ಟಿಸಿಯುಗೆ ಬಂದವರು. ಕೋಚ್ ಹೊರಟರೆ ಬಡ್ತಿ, ಆಟಗಾರ್ತಿ ಹೊರಟರೆ ದ್ರೋಹ ಎಂಬ ತಕ್ಕಡಿ ನಮ್ಮಲ್ಲಿಲ್ಲ.

ತಮ್ಮ ಅಣ್ಣನ ಮಗಳ ಬಗ್ಗೆ: ನಾನು ಆಕೆಯ ಆಟವನ್ನು ನೋಡಿದವನಲ್ಲ, ಹಾಗಾಗಿ ಹೋಗು ಎಂದಾಗಲಿ ಇರು ಎಂದಾಗಲಿ ಹೇಳಲು ನನಗೆ ಅಧಿಕಾರವಿಲ್ಲ. ಆದರೆ ಕರೆಯುತ್ತಿರುವ ಕೋಚ್‌ಗೆ ಆಕೆ ಕೇಳಬೇಕಾದ ಪ್ರಶ್ನೆ ‘ನನಗೆ ಎಷ್ಟು ನಿಮಿಷ ಆಟ?’ ಎಂಬುದಲ್ಲ. ಆ ಪ್ರಶ್ನೆಗೆ ಎಲ್ಲ ಕೋಚ್‌ಗಳ ಬಳಿಯೂ ಸಿಹಿಯಾದ ಉತ್ತರ ಇರುತ್ತದೆ. ಎದುರಾಳಿ ಬುಟ್ಟಿ ಹೊಡೆದ ಮೇಲೆ ಚೆಂಡನ್ನು ಯಾರು ತರುತ್ತಾರೆ, ನಾನು ತರುವಾಗ ಮೂಲೆಗಳಲ್ಲಿ ಯಾರು ನಿಲ್ಲುತ್ತಾರೆ, ನಾನು ತರದಿರುವಾಗ ನಾನು ಎಲ್ಲಿ ನಿಲ್ಲುತ್ತೇನೆ ಎಂದು ಕೇಳಲಿ. ಸಾಧ್ಯವಾದರೆ ಆ ತಂಡದ ಕಳೆದ ಋತುವಿನ ನಾಲ್ಕೈದು ಪಂದ್ಯಗಳನ್ನು ಚೆಂಡಿನ ಮೇಲೆ ಕಣ್ಣಿಡದೆ, ತಾನು ನಿಲ್ಲಲಿರುವ ಜಾಗದ ಮೇಲೆ ಮಾತ್ರ ಕಣ್ಣಿಟ್ಟು ನೋಡಲಿ. ಸ್ಕ್ರೀನ್ ಹಾಕುವ ಎತ್ತರದ ಆಟಗಾರ್ತಿ ಮುಂದಿನ ವರ್ಷವೂ ಅಲ್ಲೇ ಇರುತ್ತಾಳೆಯೇ ಎಂದು ವಿಚಾರಿಸುವುದನ್ನೂ ಮರೆಯದಿರಲಿ. ತಂಡ ಬದಲಿಸುವ ದಾರಿ ಆಕೆಗೂ ತೆರೆದಿದೆಯಲ್ಲ.

ಕೊನೆಯದಾಗಿ, ಎಲ್‌ಎಸ್‌ಯು–ಅಯೋವಾ ಪಂದ್ಯವನ್ನು ನಮ್ಮ ಲೇಖನದಲ್ಲಿ ಸೆಮಿಫೈನಲ್ ಎಂದು ಬರೆದದ್ದು ತಪ್ಪು ಎಂದು ತಾವು ತೋರಿಸಿಕೊಟ್ಟಿದ್ದೀರಿ. ಅದು ಕೊನೆಯ ಎಂಟರ ಹಂತದ ಪಂದ್ಯ, ಆಲ್ಬನಿಯಲ್ಲಿ ನಡೆದದ್ದು. ಕರಡು ತಿದ್ದಿದವನು ನಾನೇ. ತಿದ್ದುಪಡಿಯನ್ನು ಈ ಸಂಚಿಕೆಯಲ್ಲೇ ಪ್ರಕಟಿಸಿದ್ದೇವೆ.

— ಸಂಪಾದಕ