ಲೈಸೆನ್ಸ್ ಅರ್ಜಿ ಕೊಟ್ಟರೆ ಸೇನೆಯ ಪಟ್ಟಿಗೆ ಹೆಸರು: ಓದುಗರ ಪ್ರಶ್ನೆ, ನಮ್ಮ ಉತ್ತರ

ಅಮೆರಿಕದಲ್ಲಿ ಗಂಡುಮಕ್ಕಳಿರುವ ಓದುಗರಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದವು. ಅಲ್ಲಿನ ಬಹುತೇಕ ರಾಜ್ಯಗಳಲ್ಲಿ ಹುಡುಗ ಡ್ರೈವಿಂಗ್ ಲೈಸೆನ್ಸ್‌ಗೆ ಅರ್ಜಿ ಹಾಕಿದರೆ ಅವನ ಹೆಸರು ಸೆಲೆಕ್ಟಿವ್ ಸರ್ವಿಸ್ ಎಂಬ ಕಚೇರಿಗೂ ಹೋಗುತ್ತದೆ. ಮುಂದೆಂದಾದರೂ ಕಡ್ಡಾಯ ಸೇನಾ ಭರ್ತಿ ಬಂದರೆ ಯಾರನ್ನು ಕರೆಯಬೇಕು ಅನ್ನುವ ಪಟ್ಟಿ ಇಟ್ಟುಕೊಳ್ಳುವ ಕಚೇರಿ ಅದು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಇದಕ್ಕೇ.

ಪ್ರಶ್ನೆ: ನಮಸ್ಕಾರ ಸಾರ್. ನಾವು ಟೆಕ್ಸಾಸ್‌ನ ಡಲ್ಲಾಸ್ ಹತ್ತಿರ ಇದ್ದೇವೆ, ಮನೆಯವರಿಗೆಲ್ಲ ಗ್ರೀನ್ ಕಾರ್ಡ್ ಇದೆ. ಮಗನಿಗೆ ಈಗಷ್ಟೇ 18 ತುಂಬಿತು. ಲೈಸೆನ್ಸ್ ಅರ್ಜಿ ಓದುವಾಗ, ಇದನ್ನು ಕೊಟ್ಟರೆ ಸೆಲೆಕ್ಟಿವ್ ಸರ್ವಿಸ್‌ಗೆ ನೋಂದಾಯಿಸಲು ಒಪ್ಪಿದ ಹಾಗೆ ಅಂತ ಪುಟ್ಟ ಅಕ್ಷರದಲ್ಲಿ ಕಾಣಿಸಿತು. ಶಿವಮೊಗ್ಗದಲ್ಲಿರುವ ನಮ್ಮ ಅತ್ತೆಗೆ ವಿಷಯ ಗೊತ್ತಾಗಿ ‘ಲೈಸೆನ್ಸೂ ಬೇಡ, ಕಾರೂ ಬೇಡ, ಹುಡುಗನನ್ನ ಸುಮ್ನೆ ಮನೇಲಿರಿಸಿ’ ಅಂತ ದಿನಾ ಫೋನ್ ಮಾಡುತ್ತಿದ್ದಾರೆ. ಅರ್ಜಿ ಹಾಕದಿದ್ದರೆ ತಪ್ಪಿಸಿಕೊಳ್ಳಬಹುದಾ?

ಉತ್ತರ: ಮೊದಲು ನಿಮ್ಮ ಅತ್ತೆಗೆ ಧೈರ್ಯ ಹೇಳಿ ಅಮ್ಮ. ಪಟ್ಟಿಯಲ್ಲಿ ಹೆಸರಿರುವುದು ಬೇರೆ, ಸೇನೆಗೆ ಸೇರುವುದು ಬೇರೆ. ಅಮೆರಿಕದಲ್ಲಿ ಕಡ್ಡಾಯ ಭರ್ತಿ 1973ರಲ್ಲೇ ನಿಂತಿದೆ. ಈಗ ಅಲ್ಲಿನ ಸೇನೆಯಲ್ಲಿರುವವರೆಲ್ಲ ತಾವಾಗಿ ಸೇರಿದವರು. ಮತ್ತೆ ಕಡ್ಡಾಯ ಮಾಡಬೇಕಾದರೆ ಸಂಸತ್ತು ಹೊಸದಾಗಿ ಕಾನೂನು ಮಾಡಬೇಕು, ಅಧ್ಯಕ್ಷರು ಸಹಿ ಹಾಕಬೇಕು. ಆಮೇಲೆ ಹುಟ್ಟಿದ ದಿನಾಂಕಗಳ ಮೇಲೆ ಲಾಟರಿ ಎತ್ತುತ್ತಾರೆ. ಆ ವರ್ಷ 20 ತುಂಬುವವರಿಗೆ ಮೊದಲ ಕರೆ, ಆಮೇಲೆ 21, 22 ಹೀಗೆ 25ರವರೆಗೆ, ಹದಿನೆಂಟು ಹತ್ತೊಂಬತ್ತರವರಿಗೆ ಕಡೆಗೆ.

ಆದರೆ ಲೈಸೆನ್ಸ್ ಬಿಟ್ಟರೆ ನೋಂದಣಿಯೂ ಬಿಟ್ಟಂತೆ ಅಂದುಕೊಳ್ಳಬೇಡಿ, ಅದು ತಪ್ಪು ಲೆಕ್ಕ. 18 ತುಂಬಿ 30 ದಿನದೊಳಗೆ ನೋಂದಾಯಿಸಬೇಕು ಅನ್ನುವುದು ಕೇಂದ್ರದ ಕಾನೂನು, ಅದು ಅಮೆರಿಕದ ಪ್ರಜೆಗಳಿಗೂ ಇದೆ, ಗ್ರೀನ್ ಕಾರ್ಡ್ ಇರುವವರಿಗೂ ಇದೆ, ದಾಖಲೆಯಿಲ್ಲದೆ ಅಲ್ಲಿರುವವರಿಗೂ ಇದೆ. ಲೈಸೆನ್ಸ್ ಕಚೇರಿ ಮಾಡುವುದು ಇಷ್ಟೇ: ನಿಮ್ಮ ಮಗ ಕೊಟ್ಟ ಹೆಸರು, ವಿಳಾಸ, ಹುಟ್ಟಿದ ದಿನಾಂಕ, ಸೋಶಿಯಲ್ ಸೆಕ್ಯುರಿಟಿ ನಂಬರನ್ನು (ಅಲ್ಲಿನ ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಕಂಪ್ಯೂಟರ್ ಮೂಲಕ ಆ ಕಚೇರಿಗೆ ದಾಟಿಸುತ್ತದೆ. ಅವನೇ ವೆಬ್‌ಸೈಟಿನಲ್ಲಿ ಕೂತು ತುಂಬಿದರೂ ಅದೇ.

ಇನ್ನೊಂದು ವಿಷಯ, ನೀವು ಕೇಳದಿದ್ದರೂ ಹೇಳಲೇಬೇಕು. ಅದೇ ಲೈಸೆನ್ಸ್ ಅರ್ಜಿಯಲ್ಲಿ ‘ಮತದಾರರ ಪಟ್ಟಿಗೆ ಹೆಸರು ಸೇರಿಸಬೇಕೇ’ ಅಂತಲೂ ಒಂದು ಪ್ರಶ್ನೆ ಇರುತ್ತದೆ. 1993ರ ಒಂದು ಕಾನೂನಿನಿಂದಾಗಿ ಲೈಸೆನ್ಸ್ ಕಚೇರಿಗಳು ಅದನ್ನೂ ಕೇಳುತ್ತವೆ. ನಿಮ್ಮ ಮಗ ಅಲ್ಲಿ ‘ಹೌದು’ ಅನ್ನಲೇಬಾರದು. ಸೇನೆಯ ಪಟ್ಟಿಗೆ ಗ್ರೀನ್ ಕಾರ್ಡಿನವನು ಸೇರಬೇಕು, ಮತದಾರರ ಪಟ್ಟಿಗೆ ಪ್ರಜೆಯಾದವನು ಮಾತ್ರ. ಪ್ರಜೆಯಲ್ಲದವನು ಪ್ರಜೆ ಅಂತ ಹೇಳಿಕೊಂಡು ಟಿಕ್ ಹಾಕಿದರೆ ಮುಂದೆ ಪೌರತ್ವಕ್ಕೆ ಅರ್ಜಿ ಹಾಕುವಾಗ ಅದೇ ಪ್ರಶ್ನೆ ಎದುರಾಗುತ್ತದೆ, ಗಡೀಪಾರಿನವರೆಗೂ ಹೋಗಬಹುದು. ಹದಿನೆಂಟರ ಹುಡುಗ ಡ್ರೈವಿಂಗ್ ಟೆಸ್ಟಿನ ಗಡಿಬಿಡಿಯಲ್ಲಿ ಇರುತ್ತಾನೆ, ಹಿಂದೆ ಕ್ಯೂ ಇರುತ್ತದೆ, ಕೌಂಟರಿನಲ್ಲಿರುವವರು ಪಟಪಟ ಅಂತ ಕೇಳುತ್ತಾ ಹೋಗುತ್ತಾರೆ, ಇವನು ಎಲ್ಲಕ್ಕೂ ಎಸ್ ಎಸ್ ಅಂದುಬಿಡುತ್ತಾನೆ. ಸೇನೆಯ ಸಾಲಿಗಿಂತ ನನಗೆ ಹೆಚ್ಚು ಭಯ ಇರುವುದು ಇದರ ಬಗ್ಗೆಯೇ. ಅರ್ಜಿಯನ್ನು ಮನೆಯಲ್ಲೇ ಕೂತು ಒಟ್ಟಿಗೆ ಓದಿ ಕಳಿಸಿ.

ಪ್ರಶ್ನೆ: ನನ್ನದು ಎಚ್-1ಬಿ ಅನ್ನುವ ಕೆಲಸದ ವೀಸಾ, ಮಗ ನನ್ನ ಅವಲಂಬಿತನಾಗಿ ಎಚ್-4ನಲ್ಲಿದ್ದಾನೆ, 19 ವರ್ಷ. ಅವನೂ ನೋಂದಾಯಿಸಬೇಕಾ?

ಉತ್ತರ: ಬೇಕಿಲ್ಲ ಸಾರ್. ಎಚ್-4, ವಿದ್ಯಾರ್ಥಿಗಳ ಎಫ್-1ನಂಥ ತಾತ್ಕಾಲಿಕ ವೀಸಾದಲ್ಲಿ ನಿಯಮದ ಪ್ರಕಾರ ಇರುವ ತನಕ ಅವನಿಗೆ ಇದು ಅನ್ವಯಿಸುವುದಿಲ್ಲ. ಲೈಸೆನ್ಸ್ ಅರ್ಜಿಯಲ್ಲಿ ವಲಸೆ ಸ್ಥಿತಿ ಕೇಳಿದ ಕಡೆ ಇದ್ದದ್ದನ್ನು ಇದ್ದಂತೆ ಬರೆಯಲಿ. 26 ತುಂಬುವ ಮೊದಲು ಗ್ರೀನ್ ಕಾರ್ಡ್ ಬಂದರೆ, ಅಥವಾ ವೀಸಾ ಅವಧಿ ಮುಗಿದೂ ಅಲ್ಲೇ ಉಳಿದರೆ, ಆಗ ನೋಂದಣಿ ಅವನಿಗೂ ಕಡ್ಡಾಯ. ವೀಸಾ, ದೇಶಕ್ಕೆ ಬಂದದ್ದರ ದಾಖಲೆಯಾದ ಐ-94, ಕಾಲೇಜು ಕೊಡುವ ಐ-20 ಪತ್ರ ಇವೆಲ್ಲದರ ಪ್ರತಿಗಳನ್ನು ಒಂದು ಫೈಲಿನಲ್ಲಿ ಇಡಿ. ಮುಂದೆ ಅವನು ಪೌರತ್ವ ಕೇಳಿದಾಗ ‘ನೀನು ಯಾಕೆ ನೋಂದಾಯಿಸಿಲ್ಲ’ ಅಂದರೆ ಆ ಕಾಗದಗಳೇ ಉತ್ತರ.

ಪ್ರಶ್ನೆ: ನನಗೀಗ 28. ಹದಿನೇಳನೇ ವಯಸ್ಸಿಗೆ ಅಪ್ಪ ಅಮ್ಮನ ಜೊತೆ ಗ್ರೀನ್ ಕಾರ್ಡ್ ಮೇಲೆ ನ್ಯೂಯಾರ್ಕ್‌ಗೆ ಬಂದೆ. ಸಬ್‌ವೇ ಇದ್ದದ್ದರಿಂದ ಲೈಸೆನ್ಸ್ ಮಾಡಿಸಲೇ ಇಲ್ಲ. ಈಗ ಪೌರತ್ವದ ಅರ್ಜಿ ತುಂಬುವಾಗ ಸೆಲೆಕ್ಟಿವ್ ಸರ್ವಿಸ್ ಪ್ರಶ್ನೆ ನೋಡಿ ಎದೆ ಧಸಕ್ ಅಂದಿತು. ಇಂಥದ್ದೊಂದು ಇದೆ ಅಂತ ಯಾರೂ ಹೇಳಿರಲಿಲ್ಲ. ಈಗ ನೋಂದಾಯಿಸಲು ಹೋದರೆ ಆಗಲ್ಲ ಅನ್ನುತ್ತಿದ್ದಾರೆ. ಜೈಲಿಗೆ ಹಾಕ್ತಾರಾ?

ಉತ್ತರ: ನಿಮ್ಮ ಪತ್ರ ಓದಿ ಬೇಸರವಾಯಿತು, ಯಾಕಂದರೆ ಲೈಸೆನ್ಸ್ ಜೊತೆ ನೋಂದಣಿ ಜೋಡಿಸಿದ್ದರ ದೊಡ್ಡ ಕೊರತೆಯೇ ಇದು. ಕಾರು ಓಡಿಸುವವನ ಹೆಸರು ಅವನಿಗೇ ಗೊತ್ತಾಗದಂತೆ ಪಟ್ಟಿ ಸೇರಿ ಅವನು ಸುರಕ್ಷಿತ. ಬಸ್ಸು ರೈಲಿನಲ್ಲಿ ಓಡಾಡುವವನು, ಕಾರು ಕೊಳ್ಳಲಾಗದವನು, ಹೊಸದಾಗಿ ದೇಶಕ್ಕೆ ಬಂದವನು ಹೊರಗೇ ಉಳಿಯುತ್ತಾನೆ. ವರ್ಷಗಳಾದ ಮೇಲೆ ಪೆಟ್ಟು ತಿನ್ನುವವನೂ ಅವನೇ.

ಜೈಲಿನ ಭಯ ಬಿಡಿ. ಕಾನೂನಿನಲ್ಲಿ ಐದು ವರ್ಷದವರೆಗೆ ಜೈಲು, ಎರಡೂವರೆ ಲಕ್ಷ ಡಾಲರ್‌ವರೆಗೆ ದಂಡ ಅಂತ ಇರುವುದು ನಿಜ. ಆದರೆ ನೋಂದಾಯಿಸದ ಕಾರಣಕ್ಕೆ ಕೇಸು ಹಾಕಿದ್ದು 1980ರ ದಶಕದಲ್ಲಿ, ಅದೂ ಕೆಲವೇ ಮಂದಿಯ ಮೇಲೆ, ಅವರೂ ಬಹಿರಂಗವಾಗಿ ‘ನಾನು ನೋಂದಾಯಿಸಲ್ಲ’ ಅಂತ ವಿರೋಧಿಸಿದವರು. ನಿಮಗೆ ತೊಂದರೆ ಬರುವುದು ಪೌರತ್ವದಲ್ಲಿ, ಕೇಂದ್ರ ಸರ್ಕಾರದ ನೌಕರಿಯಲ್ಲಿ, ಕೆಲವು ರಾಜ್ಯಗಳ ನೌಕರಿ ಮತ್ತು ವಿದ್ಯಾರ್ಥಿ ನೆರವಿನಲ್ಲಿ. ಕೇಂದ್ರದ ವಿದ್ಯಾರ್ಥಿ ನೆರವಿಗೂ ಮೊದಲು ಈ ಷರತ್ತು ಇತ್ತು, 2020ರ ಕೊನೆಗೆ ಆದ ಕಾನೂನಿನಿಂದ ಅದನ್ನು ತೆಗೆದರು.

26 ತುಂಬಿದ ಮೇಲೆ ನೋಂದಣಿ ತೆಗೆದುಕೊಳ್ಳುವುದಿಲ್ಲ, ಅದು ನಿಜ. ಈಗ ನಿಮ್ಮ ಕೈಯಲ್ಲಿರುವುದು, ‘ನಾನು ಬೇಕಂತಲೇ, ಗೊತ್ತಿದ್ದೂ ತಪ್ಪಿಸಿಕೊಂಡಿಲ್ಲ’ ಅಂತ ತೋರಿಸುವುದು. ಕಾನೂನೇ ಅದಕ್ಕೆ ಅವಕಾಶ ಕೊಟ್ಟಿದೆ. ಮೊದಲು ಸೆಲೆಕ್ಟಿವ್ ಸರ್ವಿಸ್ ಕಚೇರಿಗೆ ಬರೆದು ಸ್ಟೇಟಸ್ ಇನ್ಫರ್ಮೇಶನ್ ಲೆಟರ್, ಅಂದರೆ ನೀವು ನೋಂದಾಯಿಸಬೇಕಿತ್ತೇ ಇಲ್ಲವೇ ಅಂತ ತಿಳಿಸುವ ಪತ್ರ, ತರಿಸಿಕೊಳ್ಳಿ. ನಿಮ್ಮ ವಿಳಾಸಕ್ಕೆ ಅವರು ಎಂದಾದರೂ ನೆನಪಿನ ಪತ್ರ ಕಳಿಸಿದ್ದರೆ ಅದೂ ಗೊತ್ತಾಗುತ್ತದೆ, ಆದ್ದರಿಂದ ಸುಳ್ಳು ಬರೆಯಲು ಹೋಗಬೇಡಿ. ನೀವು ಹೇಗೆ ಬಂದಿರಿ, ಯಾವ ಶಾಲೆಗೆ ಹೋದಿರಿ, ಲೈಸೆನ್ಸ್ ಯಾಕೆ ಮಾಡಿಸಲಿಲ್ಲ, ವಿಷಯ ಮೊದಲು ಗೊತ್ತಾದದ್ದು ಯಾವಾಗ ಅನ್ನುವುದನ್ನು ಪ್ರಮಾಣ ಮಾಡಿದ ಹೇಳಿಕೆಯ (ಅಫಿಡವಿಟ್) ರೂಪದಲ್ಲಿ ಬರೆಯಿರಿ. ನಿಮ್ಮ ಅಪ್ಪ ಅಮ್ಮನಿಂದ, ಸಾಧ್ಯವಾದರೆ ಹಳೆಯ ಶಿಕ್ಷಕರಿಂದಲೂ ಒಂದೊಂದು ಬರೆಸಿ. ಅರ್ಜಿ ಹಾಕುವ ಮೊದಲು ವಲಸೆ ವಕೀಲರಿಗೆ ಒಮ್ಮೆ ತೋರಿಸಿ, ಇದರಲ್ಲಿ ಖರ್ಚಿನ ಮುಖ ನೋಡಬೇಡಿ. ಸಾಮಾನ್ಯವಾಗಿ 31 ದಾಟಿದ ಮೇಲೆ ಈ ಒಂದು ಕಾರಣಕ್ಕೆ ಪೌರತ್ವ ತಡೆಯುವುದಿಲ್ಲ, ಯಾಕಂದರೆ ಅರ್ಜಿಯ ಹಿಂದಿನ ಐದು ವರ್ಷದ ನಡತೆಯನ್ನೇ ಅವರು ಮುಖ್ಯವಾಗಿ ನೋಡುವುದು. ಅಷ್ಟು ವರ್ಷ ಕಾಯಬೇಕೇ, ಈಗಲೇ ಹಾಕಬೇಕೇ ಅನ್ನುವುದನ್ನು ವಕೀಲರ ಜೊತೆ ಕೂತು ತೀರ್ಮಾನಿಸಿ.

ಪ್ರಶ್ನೆ: ನಮ್ಮ ಮಗ ಹುಟ್ಟಿದ್ದು ಕ್ಯಾಲಿಫೋರ್ನಿಯಾದಲ್ಲಿ. ಮೂರು ವರ್ಷದವನಿದ್ದಾಗ ಮೈಸೂರಿಗೆ ವಾಪಸ್ ಬಂದೆವು. ಅಮೆರಿಕದ ಪಾಸ್‌ಪೋರ್ಟ್, ಒಸಿಐ ಕಾರ್ಡ್ (ವಿದೇಶಿ ಪ್ರಜೆಗಳಾದ ಭಾರತ ಮೂಲದವರಿಗೆ ಕೊಡುವುದು) ಇದೆ. ಇಲ್ಲೇ ಪಿಯುಸಿ ಓದುತ್ತಿದ್ದಾನೆ, ಇಲ್ಲಿನ ಆರ್‌ಟಿಒದಲ್ಲೇ ಲೈಸೆನ್ಸ್ ಮಾಡಿಸುತ್ತೇವೆ. ಅವನಿಗೂ ಈ ನೋಂದಣಿ ಬೇಕಾ?

ಉತ್ತರ: ಬೇಕು. ಬೆಂಗಳೂರು ಮೈಸೂರಿನಲ್ಲಿ ಇಂಥ ಮಕ್ಕಳು ಬಹಳ ಇದ್ದಾರೆ, ಅವರ ಮನೆಯವರಿಗೆ ಈ ವಿಷಯದ ಗಂಧಗಾಳಿಯೂ ಇರುವುದಿಲ್ಲ. ಅಮೆರಿಕದ ಪ್ರಜೆ ಜಗತ್ತಿನ ಯಾವ ಮೂಲೆಯಲ್ಲಿದ್ದರೂ 18ಕ್ಕೆ ನೋಂದಾಯಿಸಬೇಕು. ನಮ್ಮ ಆರ್‌ಟಿಒಗೂ ಆ ಪಟ್ಟಿಗೂ ಸಂಬಂಧವೇ ಇಲ್ಲ, ಅಲ್ವಾ? ಹಾಗಾಗಿ ಲೈಸೆನ್ಸ್ ಅರ್ಜಿ ತಾನಾಗಿ ಮಾಡಿಕೊಡುವ ಕೆಲಸವನ್ನು ಇಲ್ಲಿ ನೀವೇ ಮಾಡಬೇಕು. ಸೆಲೆಕ್ಟಿವ್ ಸರ್ವಿಸ್‌ನ ಸರ್ಕಾರಿ ವೆಬ್‌ಸೈಟಿನಲ್ಲಿ ಮೈಸೂರಿನ ವಿಳಾಸ ಕೊಟ್ಟೇ ತುಂಬಬಹುದು, ದುಡ್ಡು ಕಟ್ಟುವಂತಿಲ್ಲ. ಅವನ ಸೋಶಿಯಲ್ ಸೆಕ್ಯುರಿಟಿ ನಂಬರ್ ಹುಡುಕಿಟ್ಟುಕೊಳ್ಳಿ. ನೋಂದಣಿಯಾದ ಮೇಲೆ ಅದೇ ವೆಬ್‌ಸೈಟಿನಲ್ಲಿ ಹೆಸರು, ಹುಟ್ಟಿದ ದಿನಾಂಕ, ಆ ನಂಬರ್ ಕೊಟ್ಟು ನೋಡಿದರೆ ನೋಂದಣಿ ಸಂಖ್ಯೆ ಕಾಣುತ್ತದೆ, ಅದನ್ನು ಪ್ರಿಂಟ್ ತೆಗೆದಿಡಿ.

ಪ್ರಶ್ನೆ: ಗಾಡಿ ಓಡಿಸುವುದಕ್ಕೂ ಸೇನೆಗೂ ಏನು ಸಂಬಂಧ? ಲೈಸೆನ್ಸ್ ಬೇಕು ಅಂದರೆ ಇದಕ್ಕೆ ಒಪ್ಪು ಅನ್ನುವುದು ಒತ್ತಾಯ ಅಲ್ಲವೇ?

ಉತ್ತರ: ಸಂಬಂಧ ಇಷ್ಟೇ: ಹದಿನೆಂಟರ ಆಸುಪಾಸಿನ ಹುಡುಗರಲ್ಲಿ ಹೆಚ್ಚಿನವರು ಹೋಗುವ ಸರ್ಕಾರಿ ಕಚೇರಿ ಅದು. ವಿಯೆಟ್ನಾಂ ಯುದ್ಧದ ನಂತರ, 1975ರಲ್ಲಿ, ಅಧ್ಯಕ್ಷ ಫೋರ್ಡ್ ನೋಂದಣಿಯನ್ನೇ ನಿಲ್ಲಿಸಿದ್ದರು. ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿದ ಮೇಲೆ 1980ರಲ್ಲಿ ಕಾರ್ಟರ್ ಮತ್ತೆ ಶುರು ಮಾಡಿದರು. ಬಹಳ ಹುಡುಗರು ತಾವಾಗಿ ಬಂದು ಹೆಸರು ಕೊಡಲಿಲ್ಲ. ಜೈಲಿಗೆ ಹಾಕಿ ನೋಡಿದರು, ಅದರಿಂದ ವಿರೋಧಿಗಳಿಗೇ ಪ್ರಚಾರ ಸಿಕ್ಕಿತು. ಆಮೇಲೆ ಕಾಲೇಜಿನ ನೆರವಿಗೆ, ನೌಕರಿಗೆ ಇದನ್ನು ತಳುಕು ಹಾಕಿದರು. ಕಡೆಗೆ ರಾಜ್ಯಗಳು ಒಂದೊಂದಾಗಿ ಲೈಸೆನ್ಸ್‌ಗೆ ಜೋಡಿಸಿದವು. ಒಂದೊಂದು ರಾಜ್ಯದ್ದು ಒಂದೊಂದು ರೀತಿ. ಟೆಕ್ಸಾಸ್‌ನಂಥ ಕಡೆ ಅರ್ಜಿ ಕೊಟ್ಟರೇ ಒಪ್ಪಿಗೆ ಕೊಟ್ಟಂತೆ, ಇನ್ನು ಕೆಲವು ಕಡೆ ಬೇಕೋ ಬೇಡವೋ ಅಂತ ಕೇಳುತ್ತಾರೆ.

ಒತ್ತಾಯವೇ ಅಂತ ಕೇಳಿದಿರಿ. ನನ್ನ ಮಟ್ಟಿಗೆ ಹೌದು. ಟೆಕ್ಸಾಸ್‌ನ ಸಣ್ಣ ಊರುಗಳಲ್ಲಿ ಬಸ್ಸಿರುವುದಿಲ್ಲ, ಕಾಲೇಜು, ಕೆಲಸ, ದಿನಸಿ ಅಂಗಡಿ ಎಲ್ಲಕ್ಕೂ ಕಾರೇ ಬೇಕು. ಅಂಥ ಹುಡುಗನ ಮುಂದೆ ‘ಇದಕ್ಕೂ ಒಪ್ಪು, ಆಗ ಲೈಸೆನ್ಸ್ ಕೊಡುತ್ತೇವೆ’ ಅಂತ ಕಾಗದ ಇಟ್ಟು, ಅವನು ಹಾಕಿದ ಸಹಿಯನ್ನು ಒಪ್ಪಿಗೆ ಅಂತ ಕರೆಯುವುದು ಸರಿಯಲ್ಲ. ಮುಂದೊಂದು ದಿನ ಪ್ರಾಣ ಕೇಳಬಹುದಾದ ಪಟ್ಟಿ ಅದು. ಅದರ ಬಗ್ಗೆ ಹುಡುಗನಿಗೆ ಯಾರಾದರೂ ಎದುರು ಕೂತು ಹೇಳಬೇಕು. ಇನ್ನೊಂದು ಮಾತೂ ನಿಜ: ನೋಂದಾಯಿಸದೆ ಉಳಿದು ಪೌರತ್ವ, ನೌಕರಿ ಕಳೆದುಕೊಳ್ಳುವ ಬಡ ಹುಡುಗರನ್ನು ಈ ಜೋಡಣೆ ಉಳಿಸಿದೆ. ಅದಕ್ಕೇ ಇದನ್ನು ಪೂರ್ತಿ ಬೈಯಲು ನನಗೆ ಮನಸ್ಸು ಬರುವುದಿಲ್ಲ. ಹೇಳದೆ ಮಾಡುವುದು ಮಾತ್ರ ತಪ್ಪು.

ಇನ್ನು ಲೈಸೆನ್ಸಿನ ದಾರಿಯೂ ಬೇಕಾಗದೆ ಹೋಗಬಹುದು. 2025ರ ಡಿಸೆಂಬರ್‌ನಲ್ಲಿ ಸಹಿಯಾದ ಅಲ್ಲಿನ ರಕ್ಷಣಾ ಕಾಯ್ದೆಯ ಪ್ರಕಾರ, ಒಂದು ವರ್ಷದ ನಂತರ ಸರ್ಕಾರ ತನ್ನಲ್ಲಿರುವ ಬೇರೆ ದಾಖಲೆಗಳನ್ನು ನೋಡಿ ತಾನೇ ಹೆಸರು ಸೇರಿಸಬೇಕು. ಹಾಗಂತ ಸುಮ್ಮನೆ ಕೂರಬೇಡಿ. ದಾಖಲೆಗಳಲ್ಲಿ ಸಿಗದವರು ಆಗಲೂ ಇರುತ್ತಾರೆ, ಮೇಲಿನ ಮೈಸೂರಿನ ಹುಡುಗನಂಥವರು.

ಪ್ರಶ್ನೆ: ನಾವು ಮೂಡುಬಿದಿರೆಯ ಜೈನರು, ಈಗ ನ್ಯೂಜೆರ್ಸಿಯಲ್ಲಿದ್ದೇವೆ. ಆಯುಧ ಹಿಡಿಯುವುದು ನಮಗೆ ಆಗದ ಮಾತು. ಮಗ ಗ್ರೀನ್ ಕಾರ್ಡಿನವನು. ನೋಂದಾಯಿಸುವಾಗಲೇ ಅದನ್ನು ಹೇಳಬಹುದಾ?

ಉತ್ತರ: ನೋಂದಣಿಯ ಹಂತದಲ್ಲಿ ಅದಕ್ಕೆ ಜಾಗ ಇಟ್ಟಿಲ್ಲ, ನೋಂದಾಯಿಸಲಂತೂ ಬೇಕು. ಧರ್ಮದ ಅಥವಾ ಆತ್ಮಸಾಕ್ಷಿಯ ಕಾರಣಕ್ಕೆ ಯುದ್ಧ ಒಲ್ಲೆ ಅನ್ನುವವರಿಗೆ ಅಲ್ಲಿನ ಕಾನೂನಿನಲ್ಲಿ ಮಾನ್ಯತೆ ಇದೆ, ಆದರೆ ಆ ಕೋರಿಕೆ ಕೇಳುವುದು ನಿಜವಾಗಿ ಭರ್ತಿಗೆ ಕರೆ ಬಂದಾಗ. ಆಗ ಇಂಥ ಕೋರಿಕೆಗಳನ್ನು ವಿಚಾರಿಸುವ ಊರಿನ ಮಂಡಳಿಯ ಮುಂದೆ ಹೋಗಿ, ಇದು ಕರೆ ಬಂದ ಮೇಲೆ ಹುಟ್ಟಿದ ನಂಬಿಕೆ ಅಲ್ಲ, ಹೀಗೇ ಬದುಕಿದ್ದೇನೆ ಅಂತ ತೋರಿಸಬೇಕು. ಒಪ್ಪಿದರೆ ಆಯುಧವಿಲ್ಲದ ಕೆಲಸ ಅಥವಾ ಸೇನೆಯ ಹೊರಗಿನ ಸೇವೆ ಕೊಡುತ್ತಾರೆ. ಕೆಲವರು ಕಾಗದದ ಫಾರ್ಮ್ ತುಂಬಿ, ಅದರ ಮೇಲೆ ತಮ್ಮ ನಿಲುವನ್ನು ಒಂದು ಸಾಲಿನಲ್ಲಿ ಬರೆದು, ಕಳಿಸುವ ಮೊದಲು ಪ್ರತಿ ತೆಗೆದಿಟ್ಟುಕೊಳ್ಳುತ್ತಾರೆ. ನಿಮ್ಮ ಮಗನೂ ಹಾಗೆ ಮಾಡಬಹುದು. ಬಸದಿಯ ಚಟುವಟಿಕೆಯಲ್ಲಿ ಅವನು ತೊಡಗಿದ್ದರೆ ಅದರ ಫೋಟೋ, ಪತ್ರ ಏನಿದ್ದರೂ ಜೋಪಾನವಾಗಿಡಿ.

ಪ್ರಶ್ನೆ: ಮಗಳಿಗೂ ಇದೆಯಾ?

ಉತ್ತರ: ಇಲ್ಲ. ಗಂಡಸರಿಗೆ ಮಾತ್ರ ಅನ್ನುವುದನ್ನು ಅಲ್ಲಿನ ಸುಪ್ರೀಂ ಕೋರ್ಟ್ 1981ರಲ್ಲಿ ಎತ್ತಿಹಿಡಿದಿದೆ. ಹೆಣ್ಣುಮಕ್ಕಳನ್ನೂ ಸೇರಿಸಿ ಅಂತ 2020ರಲ್ಲಿ ಒಂದು ರಾಷ್ಟ್ರೀಯ ಆಯೋಗ ಶಿಫಾರಸು ಮಾಡಿತ್ತು, ಸಂಸತ್ತಿನಲ್ಲಿ ಅದು ಕಾನೂನಾಗಲಿಲ್ಲ. ಅವಳ ಲೈಸೆನ್ಸ್ ಅರ್ಜಿಯಲ್ಲಿ ಆ ಸಾಲನ್ನು ದಾಟಿ ಮುಂದೆ ಹೋಗಬಹುದು. ಮತದಾರರ ಪಟ್ಟಿಯ ಪ್ರಶ್ನೆ ಮಾತ್ರ ಅವಳಿಗೂ ಇದೆ, ಪ್ರಜೆಯಾಗಿರದಿದ್ದರೆ ಅಲ್ಲಿ ‘ಇಲ್ಲ’ ಅಂತಲೇ ಬರೆಯಲಿ.