ಪಿಯುಸಿ ಆದಮೇಲೆ ಟೀಚರ್ ಆಗುವ ದಾರಿ ಯಾವುದು?

ಪ್ರಶ್ನೆ: ಮೇಡಂ, ಈ ವರ್ಷ ಪಿಯುಸಿ ಸೈನ್ಸ್ ಮುಗಿಸಿದ್ದೇನೆ. ಟೀಚರ್ ಆಗಬೇಕು ಅಂತ ಚಿಕ್ಕಂದಿನಿಂದ ಆಸೆ. ಮಾವ ಡಿ.ಎಲ್‌.ಇಡಿ ಸೇರು ಅಂತಾರೆ. ನಮ್ಮ ಲೆಕ್ಚರರ್ ಡಿಗ್ರಿ ಮುಗಿಸಿ ಬಿ.ಇಡಿ ಮಾಡು ಅಂತಾರೆ. ಗೆಳತಿ ನಾಲ್ಕು ವರ್ಷದ ಐಟೆಪ್‌ಗೆ ಅರ್ಜಿ ಹಾಕಿದ್ದಾಳೆ. ಯಾವುದು ಒಳ್ಳೆಯದು? (ವಿದ್ಯಾರ್ಥಿನಿ, ಹಾವೇರಿ)

ಉತ್ತರ: ಮೂವರೂ ಹೇಳಿದ್ದು ಸರಿ, ಆದರೆ ಮೂರೂ ಬೇರೆ ಬೇರೆ ಕೆಲಸಕ್ಕೆ. ಕೋರ್ಸು ಆರಿಸುವ ಮೊದಲು ಒಂದು ವಿಷಯ ತೀರ್ಮಾನ ಮಾಡಿಕೊಳ್ಳಿ. ನಿಮಗೆ ಯಾವ ವಯಸ್ಸಿನ ಮಕ್ಕಳ ಜೊತೆ ಇರೋದು ಇಷ್ಟ? ಆರು ವರ್ಷದ ಮಗುವಿಗೆ ಅಕ್ಷರ ಕಲಿಸೋದೇ? ಹದಿನಾಲ್ಕರ ಹುಡುಗರಿಗೆ ವಿದ್ಯುತ್ ಮಂಡಲ ಅರ್ಥ ಮಾಡಿಸೋದೇ? ಇದು ಗೊತ್ತಾದರೆ ದಾರಿ ಮುಕ್ಕಾಲು ಪಾಲು ತಾನೇ ಸ್ಪಷ್ಟವಾಗುತ್ತದೆ.

1ರಿಂದ 5ನೇ ತರಗತಿಯ ಮಕ್ಕಳು ಇಷ್ಟವಾದರೆ ಡಿ.ಎಲ್‌.ಇಡಿ ನೇರ ದಾರಿ. ಮೊದಲು ಇದನ್ನೇ ಟಿಸಿಎಚ್, ಆಮೇಲೆ ಡಿ.ಇಡಿ ಅನ್ನುತ್ತಿದ್ದರು. ಪಿಯುಸಿಯಲ್ಲಿ 50% ಇದ್ದರೆ ಸೇರಬಹುದು, ಮೀಸಲಾತಿ ಇರುವವರಿಗೆ ಸಡಿಲಿಕೆ ಇದೆ. ಎರಡು ವರ್ಷದ ಡಿಪ್ಲೊಮಾ ಕೋರ್ಸು. ಜಿಲ್ಲೆಯ ಸರ್ಕಾರಿ ಶಿಕ್ಷಕ ತರಬೇತಿ ಸಂಸ್ಥೆಗಳಾದ ಡಯಟ್‌ಗಳಲ್ಲಿ ಸೀಟು ಸಿಕ್ಕರೆ ಮನೆಯವರ ಜೇಬಿಗೂ ಹೊರೆಯಾಗದು. ಜೊತೆಗೆ ಡಿಗ್ರಿಯನ್ನೂ ಮಾಡಿಕೊಂಡರೆ 6ರಿಂದ 8ನೇ ತರಗತಿಯ ಬಾಗಿಲೂ ತೆರೆಯುತ್ತದೆ.

ಹೈಸ್ಕೂಲ್ ಬೇಕೆಂದರೆ ಬಿ.ಇಡಿ ಬೇಕೇ ಬೇಕು. ಮೂರು ವರ್ಷದ ಡಿಗ್ರಿ, ಆಮೇಲೆ ಎರಡು ವರ್ಷದ ಬಿ.ಇಡಿ. ಶಿಕ್ಷಕ ತರಬೇತಿಗೆ ನಿಯಮ ಮಾಡುವ ರಾಷ್ಟ್ರೀಯ ಮಂಡಳಿ ಎನ್‌ಸಿಟಿಇಯ 2014ರ ನಿಯಮ ಬರುವವರೆಗೆ ಬಿ.ಇಡಿ ಒಂದೇ ವರ್ಷ ಇತ್ತು. 'ನಮ್ಮ ಕಾಲದಲ್ಲಿ ಒಂದೇ ವರ್ಷ' ಅಂತ ಮನೆಯಲ್ಲಿ ಹಿರಿಯರು ಹೇಳೋದು ಅದಕ್ಕೇ. ಇಲ್ಲಿ ಒಂದು ಎಚ್ಚರಿಕೆ. ಡಿಗ್ರಿಯಲ್ಲಿ ನೀವು ಯಾವ ವಿಷಯ ಓದುತ್ತೀರೋ, ಮುಂದೆ ಸಾಮಾನ್ಯವಾಗಿ ಅದೇ ವಿಷಯದ ಶಿಕ್ಷಕಿಯಾಗುತ್ತೀರಿ. ಸೀಟು ಸಿಕ್ಕಿತು ಅಂತ ಯಾವುದೋ ಕಾಂಬಿನೇಷನ್ ತೆಗೆದುಕೊಂಡು, ಐದು ವರ್ಷ ಆದಮೇಲೆ ಅರ್ಜಿ ಹಾಕುವಾಗ 'ನಿಮ್ಮ ವಿಷಯ ಹೊಂದುವುದಿಲ್ಲ' ಅಂತ ಅನ್ನಿಸಿಕೊಳ್ಳುವವರು ತುಂಬಾ ಜನ. ಡಿಗ್ರಿಗೆ ಸೇರುವ ಮೊದಲೇ ಹಿಂದಿನ ಶಿಕ್ಷಕರ ನೇಮಕಾತಿಯ ಒಂದು ಅಧಿಸೂಚನೆ ಹುಡುಕಿ, ವಿದ್ಯಾರ್ಹತೆಯ ಪಟ್ಟಿ ಓದಿ. ಅರ್ಧ ಗಂಟೆಯ ಕೆಲಸ ಅದು. ದಯವಿಟ್ಟು ತಪ್ಪಿಸಬೇಡಿ.

ಇನ್ನು ನಿಮ್ಮ ಗೆಳತಿಯ ಐಟೆಪ್. ಡಿಗ್ರಿಯನ್ನೂ ಬಿ.ಇಡಿಯನ್ನೂ ಒಟ್ಟಿಗೆ ಕಲಿಸುವ ನಾಲ್ಕು ವರ್ಷದ ಕೋರ್ಸು ಇದು. ಒಂದು ವರ್ಷ ಉಳಿಯುತ್ತದೆ. ನನಗೆ ಅದಕ್ಕಿಂತ ಮುಖ್ಯ ಅನ್ನಿಸೋದು, 18ನೇ ವಯಸ್ಸಿನಿಂದಲೇ ಗಣಿತವನ್ನೂ ಗಣಿತ ಕಲಿಸುವುದನ್ನೂ ಜೊತೆಜೊತೆಗೆ ಯೋಚಿಸುವ ಅಭ್ಯಾಸ ಬೀಳುತ್ತದೆ ಅನ್ನೋದು. 2030ರ ಹೊತ್ತಿಗೆ ಶಿಕ್ಷಕರಿಗೆ ಇಂಥ ನಾಲ್ಕು ವರ್ಷದ ಪದವಿಯೇ ಕನಿಷ್ಠ ಅರ್ಹತೆ ಆಗಬೇಕು ಅನ್ನುತ್ತದೆ 2020ರ ರಾಷ್ಟ್ರೀಯ ಶಿಕ್ಷಣ ನೀತಿ. ಪ್ರವೇಶಕ್ಕೆ ರಾಷ್ಟ್ರೀಯ ಪರೀಕ್ಷಾ ಸಂಸ್ಥೆ ಎನ್‌ಟಿಎ ನಡೆಸುವ ಎನ್‌ಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು. ಕನ್ನಡದಲ್ಲೂ ಬರೆಯಬಹುದು. ಇದೇನೂ ನಿನ್ನೆ ಮೊನ್ನೆಯ ಕಲ್ಪನೆ ಅಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1963ರಲ್ಲಿ ಶುರುವಾದ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಇಂಥ ನಾಲ್ಕು ವರ್ಷದ ಕೋರ್ಸು ದಶಕಗಳಿಂದ ನಡೆದಿದೆ. ಅಲ್ಲೇ ಶಾಲೆಯೂ ಇದೆ, ಕಲಿತದ್ದನ್ನು ಮಕ್ಕಳ ಮುಂದೆ ಮಾಡಿ ನೋಡಬಹುದು. ಐಟೆಪ್‌ನ ಕೊರತೆ ಅಂದರೆ ಕಾಲೇಜುಗಳು ಕಡಿಮೆ, ಸೀಟೂ ಕಡಿಮೆ. ಇನ್ನೊಂದು, 'ಟೀಚರ್ ಆಗಬೇಕಾ ಬೇಡವಾ' ಅಂತ ಅನುಮಾನ ಇರುವವರು ನಾಲ್ಕು ವರ್ಷ ಇದಕ್ಕೇ ಕಟ್ಟಿಕೊಳ್ಳೋದು ಬೇಡ. ನಿಮಗೆ ಆ ಅನುಮಾನ ಕಾಣುತ್ತಿಲ್ಲ. ಹೈಸ್ಕೂಲಿನ ಮಕ್ಕಳು ಇಷ್ಟವಾದರೆ ನೀವೂ ಎನ್‌ಸಿಇಟಿ ಬರೆಯಿರಿ.

ಪ್ರಶ್ನೆ: ನನ್ನದು ಬಿ.ಎ, ಬಿ.ಇಡಿ. ಡಿಪ್ಲೊಮಾಗಿಂತ ದೊಡ್ಡ ಓದು. ಆದರೂ 1ರಿಂದ 5ನೇ ತರಗತಿಗೆ ನಾನು ಅರ್ಹಳಲ್ಲವಂತೆ. ಇದು ಯಾವ ನ್ಯಾಯ? (ಓದುಗರು, ತುಮಕೂರು)

ಉತ್ತರ: ನಿಮ್ಮ ಬೇಸರ ಅರ್ಥವಾಗುತ್ತದೆ. ನಿಯಮ ನಡುವೆ ಬದಲಾಗಿದ್ದೇ ಈ ಗೊಂದಲಕ್ಕೆ ಕಾರಣ. 2018ರಲ್ಲಿ ಎನ್‌ಸಿಟಿಇ, ಬಿ.ಇಡಿ ಆದವರೂ ಪ್ರಾಥಮಿಕ ತರಗತಿಗೆ ಬರಬಹುದು, ಸೇರಿದ ಮೇಲೆ ಆರು ತಿಂಗಳ ಬ್ರಿಡ್ಜ್ ಕೋರ್ಸ್ ಮಾಡಲಿ ಅಂದಿತ್ತು. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಹಾಗಾಗಿ ಈಗ 1–5ಕ್ಕೆ ಡಿ.ಎಲ್‌.ಇಡಿಯಂಥ ಪ್ರಾಥಮಿಕ ಹಂತದ ತರಬೇತಿಯೇ ಬೇಕು. ನಿಮ್ಮ ಬಿ.ಇಡಿ 6–8ಕ್ಕೆ ಮತ್ತು ಹೈಸ್ಕೂಲಿಗೆ ನಡೆಯುತ್ತದೆ.

ದೊಡ್ಡ ಓದು, ಸಣ್ಣ ಓದು ಅನ್ನುವ ಲೆಕ್ಕ ಇಲ್ಲಿ ಬರುವುದಿಲ್ಲ. ಒಂದು ಉದಾಹರಣೆ ನೋಡಿ. ಮೂರನೇ ತರಗತಿಯ ಮಗು 52ರಲ್ಲಿ 27 ಕಳೆದು 35 ಅಂತ ಬರೆಯುತ್ತದೆ. ತಪ್ಪು ಗುರುತು ಹಾಕಿ 25 ಅಂತ ತಿದ್ದೋದು ಯಾರಿಂದಲೂ ಆಗುತ್ತದೆ. 'ಹೇಗೆ ಮಾಡಿದೆ ಪುಟ್ಟ?' ಅಂತ ಕೇಳಿ ನೋಡಿ. 'ಎರಡರಲ್ಲಿ ಏಳು ಹೋಗಲ್ಲ ಮಿಸ್, ಅದಕ್ಕೆ ಏಳರಲ್ಲಿ ಎರಡು ಕಳೆದೆ' ಅನ್ನುತ್ತದೆ. ಮಗು ಸುಮ್ನೆ ಏನೋ ಬರೆದಿಲ್ಲ. ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು ಅಂತ ಹಿಂದೆ ಕಲಿತಿದ್ದನ್ನೇ ಇಲ್ಲೂ ಹಚ್ಚಿದೆ. ಹತ್ತತ್ತು ಕಡ್ಡಿಯ ಐದು ಕಟ್ಟು, ಎರಡು ಬಿಡಿ ಕಡ್ಡಿ ಅದರ ಮುಂದೆ ಇಡಬೇಕು. ಏಳು ಕಡ್ಡಿ ಕೊಡು ಅನ್ನಬೇಕು. ಒಂದು ಕಟ್ಟು ಬಿಚ್ಚದೆ ಬೇರೆ ದಾರಿ ಇಲ್ಲ ಅಂತ ಅದರ ಕೈಗೇ ಗೊತ್ತಾಗಬೇಕು. ಪ್ರಾಥಮಿಕ ಹಂತದ ತರಬೇತಿ ಇಂಥದ್ದರ ಮೇಲೇ ಜಾಸ್ತಿ ನಿಂತಿದೆ. ಬಿ.ಇಡಿಯ ಒತ್ತು ಬೇರೆ ಕಡೆ ಇರುತ್ತದೆ.

ಚಿಕ್ಕ ಮಕ್ಕಳಿಗೇ ಕಲಿಸಬೇಕು ಅನ್ನುವ ಆಸೆ ಗಟ್ಟಿಯಾಗಿದ್ದರೆ ಈಗಲೂ ಡಿ.ಎಲ್‌.ಇಡಿ ಮಾಡಬಹುದು. ಇಲ್ಲದಿದ್ದರೆ 6–8ರ ಕಡೆ ಗಮನ ಕೊಡಿ.

ಪ್ರಶ್ನೆ: ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿಯಲ್ಲಿ ಎರಡು ಸಲ ಕೆಲವೇ ಅಂಕಗಳಿಂದ ಹೋಯಿತು. ಎಲ್ಲಿ ಎಡವುತ್ತಿದ್ದೇನೆ? (ಓದುಗರು, ಕೊಪ್ಪಳ)

ಉತ್ತರ: ಪರೀಕ್ಷೆಯ ಲೆಕ್ಕ ಮೊದಲು ನೋಡೋಣ. 150 ಪ್ರಶ್ನೆ, 150 ಅಂಕ, ಎರಡೂವರೆ ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬೇಡಿ. ಪಾಸಾಗಲು 60%, ಅಂದರೆ 90 ಅಂಕ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಪ್ರವರ್ಗ-1 ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ 55%.

1–5ರ ಪತ್ರಿಕೆಯೋ 6–8ರ ಪತ್ರಿಕೆಯೋ ಅಂತ ನೀವು ಬರೆದಿಲ್ಲ. ಎರಡಕ್ಕೂ ಸೇರಿದ ಮಾತು ಹೇಳುತ್ತೇನೆ. ಮಕ್ಕಳ ಬೆಳವಣಿಗೆ ಮತ್ತು ಬೋಧನಾ ವಿಧಾನಕ್ಕೆ 30, ಎರಡು ಭಾಷೆಗಳಿಗೆ 30–30. ಇವೇ 90 ಆಯಿತು. ಹೆಚ್ಚಿನವರು ಗಣಿತ, ವಿಜ್ಞಾನ, ಸಮಾಜ ಅಂತ ತಿಂಗಳುಗಟ್ಟಲೆ ಓದಿ ಈ 90ನ್ನು ಕಡೆಗಣಿಸುತ್ತಾರೆ. ಮಕ್ಕಳ ಬೆಳವಣಿಗೆ ಭಾಗದಲ್ಲಿ ಪಿಯಾಜೆ, ವೈಗೋಟ್‌ಸ್ಕಿ ಅಂತ ಮನಶ್ಶಾಸ್ತ್ರಜ್ಞರ ಹೆಸರು ಮತ್ತು ಬೆಳವಣಿಗೆಯ ಹಂತಗಳನ್ನು ಬಾಯಿಪಾಠ ಮಾಡಿದರೆ ಸಾಲದು. ಪ್ರಶ್ನೆಗಳು ತರಗತಿಯ ಸನ್ನಿವೇಶದ ರೂಪದಲ್ಲೂ ಬರುತ್ತವೆ: ಇಂಥ ಮಗು ಹೀಗೆ ಮಾಡಿತು, ಶಿಕ್ಷಕರಾಗಿ ನೀವೇನು ಮಾಡುತ್ತೀರಿ? ಮಗುವನ್ನು ಸುಮ್ಮನಾಗಿಸುವ ಉತ್ತರಕ್ಕಿಂತ ಮಗುವಿನ ಯೋಚನೆಯನ್ನು ಹೊರಗೆ ತರುವ ಉತ್ತರ ಸಾಮಾನ್ಯವಾಗಿ ಸರಿ ಇರುತ್ತದೆ. ಭಾಷೆಯಲ್ಲಿ ವ್ಯಾಕರಣ ಮಾತ್ರ ನೋಡಬೇಡಿ, ಗದ್ಯಭಾಗ ಕೊಟ್ಟು ಕೇಳುವ ಪ್ರಶ್ನೆ ದಿನಾ ಅಭ್ಯಾಸ ಮಾಡಿ.

ಇನ್ನೊಂದು ಮಾತು. ಟಿಇಟಿ ಅರ್ಹತಾ ಪರೀಕ್ಷೆ, ಕೆಲಸದ ಆದೇಶ ಅಲ್ಲ. ಪಾಸಾದ ಮೇಲೂ ನೇಮಕಾತಿಯ ಸ್ಪರ್ಧಾತ್ಮಕ ಪರೀಕ್ಷೆ ಇದ್ದೇ ಇದೆ. ಮೊದಲು ಟಿಇಟಿ ಪ್ರಮಾಣಪತ್ರಕ್ಕೆ ಏಳು ವರ್ಷದ ಆಯಸ್ಸು ಇತ್ತು. 2021ರಲ್ಲಿ ಅದನ್ನು ಜೀವಮಾನಕ್ಕೆ ಮಾಡಿದರು. ಹಾಗಾಗಿ ಒಮ್ಮೆ ದಾಟಿದರೆ ಆ ಚಿಂತೆ ಮುಗಿಯಿತು.

ಪ್ರಶ್ನೆ: ಹೈಸ್ಕೂಲಿಗೂ ಟಿಇಟಿ ಬೇಕಾ? (ಓದುಗರು, ಶಿರಸಿ)

ಉತ್ತರ: ಸದ್ಯ ನಮ್ಮ ರಾಜ್ಯದಲ್ಲಿ ಟಿಇಟಿ ಇರುವುದು 1ರಿಂದ 8ನೇ ತರಗತಿಗೆ. ಹೈಸ್ಕೂಲಿಗೆ ಡಿಗ್ರಿ, ಬಿ.ಇಡಿ, ಆಮೇಲೆ ನೇಮಕಾತಿ ಪರೀಕ್ಷೆ. ಆದರೆ ಬಿ.ಇಡಿ ಇದ್ದವರು 6–8ರ ಟಿಇಟಿಯನ್ನೂ ಬರೆದಿಟ್ಟುಕೊಳ್ಳಿ. ಎರಡು ಕಡೆ ಅವಕಾಶ ಇರುತ್ತದೆ.

ಪ್ರಶ್ನೆ: ಕೆಲಸಕ್ಕೆ ಹೋಗುತ್ತಿದ್ದೇನೆ. ಕಾಲೇಜಿಗೆ ಬರೋದು ಬೇಡ, ಪರೀಕ್ಷೆಗೆ ಮಾತ್ರ ಬನ್ನಿ, ಬಿ.ಇಡಿ ಮಾಡಿಸಿಕೊಡ್ತೀವಿ ಅಂತ ಒಬ್ಬ ಏಜೆಂಟ್ ಹೇಳುತ್ತಿದ್ದಾರೆ. ಸೇರಬಹುದಾ? (ಓದುಗರು, ಬೆಂಗಳೂರು)

ಉತ್ತರ: ಬೇಡ. ಖಂಡಿತ ಬೇಡ. ರೆಗ್ಯುಲರ್ ಬಿ.ಇಡಿಗೆ ತರಗತಿಯಲ್ಲಿ 80%, ಶಾಲಾ ಇಂಟರ್ನ್‌ಶಿಪ್‌ನಲ್ಲಿ 90% ಹಾಜರಾತಿ ಇರಬೇಕು ಅಂತ ನಿಯಮ ಇದೆ. ಅದನ್ನು ಸುಳ್ಳು ಬರೆದು ತೋರಿಸುತ್ತೇನೆ ಅನ್ನುವವರ ಕೈಗೆ ನಿಮ್ಮ ದುಡ್ಡನ್ನೂ ಇಡೀ ವೃತ್ತಿಯನ್ನೂ ಕೊಡಬೇಡಿ. ನಾಳೆ ದಾಖಲೆ ಪರಿಶೀಲನೆಯಲ್ಲಿ ಸಿಕ್ಕಿಬೀಳುವವರು ನೀವು, ಏಜೆಂಟ್ ಅಲ್ಲ. ದೂರಶಿಕ್ಷಣದ ಬಿ.ಇಡಿ ಇದೆ ನಿಜ. ಆದರೆ ಅದು ಸಾಮಾನ್ಯವಾಗಿ ಈಗಾಗಲೇ ಡಿ.ಎಲ್‌.ಇಡಿಯಂಥ ತರಬೇತಿ ಪಡೆದವರಿಗೆ. ಎಲ್ಲೇ ಸೇರಿದರೂ ಆ ಕಾಲೇಜಿಗೆ ಎನ್‌ಸಿಟಿಇ ಮಾನ್ಯತೆ ಇದೆಯಾ ಅಂತ ಎನ್‌ಸಿಟಿಇಯ ವೆಬ್‌ಸೈಟಿನಲ್ಲಿ ನೀವೇ ನೋಡಿ. ಎರಡು ವರ್ಷ ಬಿಡುವು ಮಾಡಿಕೊಳ್ಳಲು ಆಗದಿದ್ದರೆ ಒಂದು ವರ್ಷ ತಡವಾಗಿಯಾದರೂ ಸರಿಯಾಗಿ ಸೇರಿ.

ಪ್ರಶ್ನೆ: ಬಿ.ಇಡಿ ಎರಡನೇ ವರ್ಷ. ಇಂಟರ್ನ್‌ಶಿಪ್ ಶುರುವಾಗಿದೆ. ಪಾಠ ಯೋಜನೆ ಚೆನ್ನಾಗಿ ಬರೆದುಕೊಂಡು ಹೋದರೂ ಹತ್ತು ನಿಮಿಷಕ್ಕೆ ಮಕ್ಕಳು ಗಲಾಟೆ ಶುರು ಮಾಡುತ್ತಾರೆ. ನನಗೆ ಈ ಕೆಲಸ ಒಗ್ಗಲ್ಲ ಅನ್ನಿಸುತ್ತಿದೆ. (ಪ್ರಶಿಕ್ಷಣಾರ್ಥಿ, ಕಲಬುರಗಿ)

ಉತ್ತರ: ಇಷ್ಟು ಬೇಗ ಆ ತೀರ್ಮಾನಕ್ಕೆ ಬರಬೇಡಿ. ಎರಡನೇ ವರ್ಷದ ಇಂಟರ್ನ್‌ಶಿಪ್‌ಗೆ 16 ವಾರ ಇಟ್ಟಿರೋದೇ ಇದಕ್ಕೆ.

ನಿಮ್ಮ ಪಾಠ ಯೋಜನೆಯಲ್ಲಿ ಒಂದು ವಿಷಯ ಹುಡುಕಿ. ಎರಡು ಕಾಲಂ ಇರುತ್ತವಲ್ಲ, ಶಿಕ್ಷಕರ ಚಟುವಟಿಕೆ, ವಿದ್ಯಾರ್ಥಿಗಳ ಚಟುವಟಿಕೆ. ಎರಡನೆಯದರಲ್ಲಿ 'ಕೇಳಿಸಿಕೊಳ್ಳುವರು', 'ಉತ್ತರಿಸುವರು' ಅಂತ ಮಾತ್ರ ಇದ್ದರೆ ಗಲಾಟೆಗೆ ಕಾರಣ ಅಲ್ಲೇ ಇದೆ. ಪಾಠ ಶುರುವಾಗಿ ಎಂಟು ಹತ್ತು ನಿಮಿಷದೊಳಗೆ ಮಕ್ಕಳು ಕೈಯಿಂದ ಏನಾದರೂ ಮಾಡುವಂತಿರಲಿ: ಎರಡು ಸಾಲು ಬರೆಯುವುದು, ನಕಾಶೆಯಲ್ಲಿ ಗುರುತಿಸುವುದು, ಪಕ್ಕದವರ ಜೊತೆ ಉತ್ತರ ಹೋಲಿಸುವುದು. ಬೋರ್ಡಿನ ಕಡೆ ತಿರುಗಿ ಉದ್ದಕ್ಕೆ ಬರೆಯುತ್ತಾ ಹೋಗಬೇಡಿ. ಮೂರು ಪದ ಬರೆದು ತಿರುಗಿ. ಹೆಸರು ಕಲಿಯಿರಿ. 'ಏಯ್, ಹಿಂದಿನ ಬೆಂಚು' ಅನ್ನೋದಕ್ಕೂ ಹೆಸರು ಹಿಡಿದು ಕರೆಯೋದಕ್ಕೂ ತುಂಬಾ ವ್ಯತ್ಯಾಸ ಇದೆ.

ಇದನ್ನು ಮಾಡುತ್ತಾ ಆ ಶಾಲೆಯ ಶಿಕ್ಷಕರೊಬ್ಬರನ್ನು ಕೇಳಿ, ನಿಮಗೆ ಗಲಾಟೆ ಮಾಡುವ ಅದೇ ತರಗತಿಯಲ್ಲಿ ಅವರು ಪಾಠ ಮಾಡುವಾಗ ಹಿಂದೆ ಕೂತುಕೊಳ್ಳಿ. ಪಾಠದ ವಿಷಯ ಬರೆದುಕೊಳ್ಳಬೇಡಿ. ಅವರು ಒಳಗೆ ಬಂದ ಮೊದಲ ಎರಡು ನಿಮಿಷ ಏನು ಮಾಡಿದರು, ಯಾರನ್ನು ಎಲ್ಲಿ ಕೂರಿಸಿದರು, ಮಾತು ಯಾವಾಗ ನಿಲ್ಲಿಸಿದರು, ಇಷ್ಟನ್ನೇ ಬರೆದುಕೊಳ್ಳಿ. ಒಂದು ವಾರ ಹಾಗೆ ನೋಡಿ, ಅದರಲ್ಲಿ ಯಾವುದಾದರೂ ಒಂದನ್ನು ನಿಮ್ಮ ಪೀರಿಯಡ್‌ನಲ್ಲಿ ಮಾಡಿ ನೋಡಿ. ಏನಾಯಿತು ಅಂತ ನನಗೂ ಬರೆಯಿರಿ.