ನಕಲು ಮಾಡುವವರ ಕಣ್ಣು ತಪ್ಪಿದಾಗ

ಪ್ರಶ್ನೆ: ಬೈಬಲಿನ ಮಾರ್ಕನ ಸುವಾರ್ತೆಯ ಕೊನೆಯ 12 ವಚನಗಳು ತೀರ ಹಳೆಯ ಕೈಬರಹದ ಪ್ರತಿಗಳಲ್ಲಿ ಇಲ್ಲವಂತೆ. ಒಂದೇ ಪುಸ್ತಕ ಹೀಗೆ ಬೇರೆ ಬೇರೆ ಆಗುವುದು ಹೇಗೆ? ಯಾರಾದರೂ ಬೇಕೆಂದೇ ತಿದ್ದಿದರೇ?

ಉತ್ತರ: ಬೇಕೆಂದೇ ತಿದ್ದಿದ್ದೂ ಉಂಟು. ಆದರೆ ಜಾಸ್ತಿ ಪಾಲು ದಣಿದ ಕಣ್ಣಿನ ತಪ್ಪು. ಸಿನಾಯ್ ಬೆಟ್ಟದ ಮಠದಲ್ಲಿ ಸಿಕ್ಕ, 4ನೇ ಶತಮಾನದ ಸಿನಾಯ್ ಪ್ರತಿಯ ಚಿತ್ರಗಳು ಅಂತರ್ಜಾಲದಲ್ಲಿವೆ, ಒಮ್ಮೆ ನೋಡಿ. ಪುಟಕ್ಕೆ ನಾಲ್ಕು ಅಂಕಣ, ಗ್ರೀಕ್ ಅಕ್ಷರಗಳು, ಪದಗಳ ನಡುವೆ ಜಾಗವೇ ಇಲ್ಲ. ಅದನ್ನು ದಿನವಿಡೀ ನೋಡಿ ಬರೆಯಬೇಕು. ಎರಡು ವಾಕ್ಯ ಒಂದೇ ಪದಗಳಲ್ಲಿ ಮುಗಿದರೆ ಕಣ್ಣು ಮೊದಲನೆಯದರಿಂದ ಎರಡನೆಯದಕ್ಕೆ ಜಾರುತ್ತದೆ, ನಡುವಿನದು ಬಿಟ್ಟುಹೋಗುತ್ತದೆ. ಯೋಹಾನನ ಮೊದಲ ಪತ್ರಿಕೆಯ 2:23ರ (2ನೇ ಅಧ್ಯಾಯ, 23ನೇ ವಚನ) ಉತ್ತರಾರ್ಧ ಎಷ್ಟೋ ಪ್ರತಿಗಳಲ್ಲಿ ಹೀಗೇ ಮಾಯವಾಗಿದೆ.

ಇನ್ನೊಂದು ತಪ್ಪನ್ನಂತೂ ಮರೆಯಲಾಗದು. ಲೂಕನ ಸುವಾರ್ತೆಯ 3ನೇ ಅಧ್ಯಾಯದಲ್ಲಿ ಯೇಸುವಿನ ವಂಶಾವಳಿ ಇದೆ, ಕೊನೆಗೆ ಅದು ದೇವರನ್ನು ಮುಟ್ಟುತ್ತದೆ. 14ನೇ ಶತಮಾನದ ಒಬ್ಬ ನಕಲುಗಾರನ ಮುಂದಿದ್ದ ಮೂಲದಲ್ಲಿ ಈ ಹೆಸರುಗಳು ಎರಡು ಅಂಕಣಗಳಲ್ಲಿ ಇದ್ದವು. ಒಂದನ್ನು ಮೇಲಿಂದ ಕೆಳಗೆ ಮುಗಿಸಿ ಇನ್ನೊಂದಕ್ಕೆ ಹೋಗಬೇಕಿತ್ತು. ಆತ ಅಡ್ಡಡ್ಡ ಬರೆಯುತ್ತಾ ಹೋದ. ಹೆಚ್ಚುಕಡಿಮೆ ಎಲ್ಲರ ಅಪ್ಪಂದಿರೂ ಬದಲಾದರು. ದೇವರೇ ಅರಾಮನೆಂಬ ಮನುಷ್ಯನ ಮಗನಾದ! ಓದಿ ನೋಡಿದ್ದರೆ ತಕ್ಷಣ ಗೊತ್ತಾಗುತ್ತಿತ್ತು, ಅಲ್ವಾ? ಆದರೆ ಅಷ್ಟು ಹೊತ್ತು ಕೂತು ಬರೆಯುವವನ ಕೈ ಓಡುತ್ತಿರುತ್ತದೆ, ಅರ್ಥದ ಕಡೆ ಗಮನ ಇರುವುದಿಲ್ಲ. ಆತನ ಮೇಲೆ ನನಗೆ ಸಿಟ್ಟಿಲ್ಲ.

ಬೇಕೆಂದೇ ಮಾಡಿದ ಬದಲಾವಣೆಗಳಲ್ಲೂ ಬಹುಪಾಲು ಕೆಟ್ಟ ಉದ್ದೇಶದವಲ್ಲ. ಯೇಸು ಕಲಿಸಿದ 'ಕರ್ತನ ಪ್ರಾರ್ಥನೆ' ಲೂಕನಲ್ಲಿ ಚಿಕ್ಕದು, ಮತ್ತಾಯನ ಸುವಾರ್ತೆಯಲ್ಲಿ ದೊಡ್ಡದು. ದೊಡ್ಡದೇ ಬಾಯಿಗೆ ಬಂದಿದ್ದ ನಕಲುಗಾರರು ಲೂಕನಲ್ಲೂ ಅದನ್ನೇ ತುಂಬಿದರು. ವ್ಯಾಟಿಕನ್ ಗ್ರಂಥಾಲಯದಲ್ಲಿರುವ, ಅದೂ 4ನೇ ಶತಮಾನದ ವ್ಯಾಟಿಕನ್ ಪ್ರತಿಯಲ್ಲಿ ಹೀಗೆ ತಿದ್ದುವುದರ ಜಗಳವೇ ಕಾಣಸಿಗುತ್ತದೆ. ಇಬ್ರಿಯರಿಗೆ ಬರೆದ ಪತ್ರಿಕೆಯ 1:3ರಲ್ಲಿ ಮೊದಲ ಬರಹಗಾರ ಒಂದು ಪದ ಬರೆದ, ಇನ್ನೊಬ್ಬ ಅದನ್ನು ತಿದ್ದಿದ. ಶತಮಾನಗಳ ನಂತರ ಬಂದ ಮತ್ತೊಬ್ಬ ಹಳೆಯ ಪದವನ್ನೇ ಮರಳಿ ಬರೆದು ಅಂಚಿನಲ್ಲಿ ಬೈದ: 'ಮೂರ್ಖ, ದುಷ್ಟ, ಹಳೆಯದನ್ನು ಹಾಗೇ ಬಿಡು, ಬದಲಿಸಬೇಡ!' ಉಳಿದ ಪ್ರತಿಗಳನ್ನು ಹೋಲಿಸಿದರೆ ಬೈಸಿಕೊಂಡವನೇ ಸರಿ. ಇದು ನಮಗೆ ಗೊತ್ತಾಗುವುದು ಪ್ರತಿಗಳು ಸಾವಿರಾರು ಇರುವುದರಿಂದ. 1707ರಲ್ಲಿ ಇಂಗ್ಲಿಷ್ ವಿದ್ವಾಂಸ ಜಾನ್ ಮಿಲ್ ಸುಮಾರು 30,000 ಪಾಠಾಂತರಗಳನ್ನು (ಪ್ರತಿ ಪ್ರತಿಗಳ ನಡುವಿನ ವ್ಯತ್ಯಾಸಗಳನ್ನು) ಪಟ್ಟಿ ಮಾಡಿದಾಗ ಹಲವರು ಗಾಬರಿಯಾದರು. ಒಂದೇ ಪ್ರತಿ ಉಳಿದಿದ್ದರೆ ಪಾಠಾಂತರ ಒಂದೂ ಇರುತ್ತಿರಲಿಲ್ಲ, ತಪ್ಪು ಹಿಡಿಯುವ ದಾರಿಯೂ ಇರುತ್ತಿರಲಿಲ್ಲ.

ಈಗ ಮಾರ್ಕನಿಗೆ ಬರೋಣ. ಸಿನಾಯ್, ವ್ಯಾಟಿಕನ್ ಎರಡೂ ಪ್ರತಿಗಳಲ್ಲಿ ಅದು 16:8ಕ್ಕೇ ನಿಲ್ಲುತ್ತದೆ. ಹೆಂಗಸರು ಯೇಸುವಿನ ಸಮಾಧಿಯಿಂದ ಓಡುತ್ತಾರೆ, ಹೆದರಿ ಯಾರಿಗೂ ಏನೂ ಹೇಳುವುದಿಲ್ಲ. ಪುಸ್ತಕ ಅಲ್ಲಿಗೇ ಮುಗಿಯುವುದು ಹಿಂದಿನವರಿಗೆ ಸಮಾಧಾನ ಕೊಡಲಿಲ್ಲ ಅಂತ ಕಾಣುತ್ತದೆ. ಹಾಗಾಗಿ ಒಂದು ಚಿಕ್ಕ ಮುಕ್ತಾಯ ಹುಟ್ಟಿತು, ನೀವು ಹೇಳಿದ 12 ವಚನಗಳ ದೊಡ್ಡದೂ ಹುಟ್ಟಿತು. ಪ್ಯಾರಿಸ್‌ನಲ್ಲಿರುವ 8ನೇ ಶತಮಾನದ ಒಂದು ಪ್ರತಿಯಲ್ಲಿ ಎರಡೂ ಇವೆ, ಒಂದರ ಕೆಳಗೆ ಒಂದು. ಬರೆದವನು ಯಾವುದನ್ನೂ ಬಿಡಲಿಲ್ಲ. 'ಹೀಗೂ ಉಂಟು' ಎಂಬರ್ಥದ ಟಿಪ್ಪಣಿ ಹಾಕಿ ಎರಡನ್ನೂ ನಮ್ಮವರೆಗೆ ತಲುಪಿಸಿದ್ದಾನೆ.